ಮೊದಲು ಆ ಬೋರ್ಡು ಇಳಿಸಿ

ಹೊಸದುರ್ಗದ ಕಡೆಯಿಂದ ನಾಲ್ಕು ಪುಟದ ಪತ್ರ ಬಂದಿದೆ. ಬರೆದ ಯುವತಿಗೆ 24 ವರ್ಷ. ಬಿ.ಕಾಂ. ಆಗಿದೆ, ಆಡಿಟರ್ ಆಫೀಸಿನಲ್ಲಿ ಕೆಲಸ. ಥೆರಪಿಸ್ಟ್ ಆಗಬೇಕೆಂಬ ಆಸೆ. ಅಪ್ಪನದು ಒಂದೇ ಹಟ: ಬ್ಯಾಂಕ್ ಪರೀಕ್ಷೆ ಬರಿ. ಬೆನ್ನಿಗೆ ನಿಂತಿರುವವರು ಸೋದರಮಾವ. ಆರು ತಿಂಗಳ ಆನ್‌ಲೈನ್ ಕೌನ್ಸೆಲಿಂಗ್ ಡಿಪ್ಲೊಮಾಕ್ಕೆ ದುಡ್ಡು ಕೊಟ್ಟವರು ಅವರೇ. ತಮ್ಮ ಮೆಡಿಕಲ್ ಶಾಪ್ ಪಕ್ಕದ ಕೋಣೆ ಬಿಟ್ಟುಕೊಟ್ಟು, ಬಾಗಿಲ ಮೇಲೆ ‘ಸೈಕಾಲಜಿಸ್ಟ್’ ಎಂದು ಬರೆಸಿದವರೂ ಅವರೇ. ಕೆಲಸ ಬಿಡದೆ ದೂರಶಿಕ್ಷಣದಲ್ಲಿ ಎಂ.ಎ. ಸೈಕಾಲಜಿ ಮುಗಿಸುವುದು ಮುಂದಿನ ಯೋಜನೆ. ಅಪ್ಪನನ್ನು ಒಪ್ಪಿಸುವುದು ಹೇಗೆ ಎಂಬುದು ಪ್ರಶ್ನೆ.

ಅದಿರಲಿ. ಮೂರನೇ ಪುಟದ ಕೊನೆಯಲ್ಲಿ, ಕಂಸದೊಳಗೆ, ಒಂದು ಮಾತು ಸೇರಿಸಿದ್ದೀರಿ: ಕೋಣೆಗೆ ಈಗಾಗಲೇ ಮೂವರು ಬರುತ್ತಿದ್ದಾರೆ, ಅವರಲ್ಲಿ ಪಿಯುಸಿ ಓದುವ ಒಬ್ಬಳು ಕೈ ಕೊಯ್ದುಕೊಳ್ಳುತ್ತಾಳೆ, ನನ್ನ ಹತ್ತಿರ ಮಾತಾಡಿದ ಮೇಲೆ ಕಡಿಮೆಯಾಗಿದೆ.

ಕಡಿಮೆಯಾಗಿದೆ ಎಂದು ನಿಮಗೆ ಗೊತ್ತಾದದ್ದು ಹೇಗೆ? ಅವಳು ಹೇಳಿದ್ದರಿಂದ ತಾನೇ? ನಿಮ್ಮನ್ನು ಇಷ್ಟಪಟ್ಟ ಹುಡುಗಿ ನಿಮಗೆ ಬೇಜಾರಾಗಬಾರದೆಂದು ಉದ್ದ ತೋಳಿನ ಬಟ್ಟೆ ಹಾಕಿಕೊಂಡು ಬರುವುದೂ ಉಂಟು. ಸಾಯಬೇಕು ಅನ್ನಿಸುತ್ತದಾ ಎಂದು ಅವಳನ್ನು ನೇರವಾಗಿ ಕೇಳಿದ್ದೀರಾ? ಕೇಳಿದರೆ ಆ ಯೋಚನೆ ಹುಟ್ಟಿಬಿಡುತ್ತದೆ ಎಂಬ ಭಯ ಬೇಡ, ಹಾಗಾಗುವುದಿಲ್ಲ. ಹೊಲಕ್ಕೆ ತಂದ ಔಷಧಿ ಮನೆಯಲ್ಲಿ ಎಲ್ಲಿಟ್ಟಿದ್ದಾರೆ, ಬೀಗ ಇದೆಯಾ? ‘ಯಾರಿಗೂ ಹೇಳಲ್ಲ’ ಎಂದು ಭಾಷೆ ಕೊಟ್ಟಿದ್ದೀರಾ? ಕೊಟ್ಟಿದ್ದರೆ ಆ ಭಾಷೆ ನಡೆಯುವುದಿಲ್ಲ. ಜೀವಕ್ಕೆ ಅಪಾಯವಿದೆ ಅನ್ನಿಸಿದಾಗ ಗುಟ್ಟು ಕಾಪಾಡುವ ನಿಯಮ ಅಲ್ಲಿಗೆ ನಿಲ್ಲುತ್ತದೆ. ಮೇಲಾಗಿ 18 ತುಂಬದ ಮಗುವಿನ ಚಿಕಿತ್ಸೆಗೆ ತಂದೆ-ತಾಯಿಯ ಒಪ್ಪಿಗೆ ಬೇಕು. ಕ್ಲಿನಿಕಲ್ ತರಬೇತಿಯಲ್ಲಿ ಇವನ್ನೆಲ್ಲ ವಾರ್ಡಿನಲ್ಲಿ, ರೋಗಿಯ ಎದುರು ಕಲಿಸುತ್ತಾರೆ. ನೀವು ಬರೆದ ಪ್ರತಿ ಕೇಸನ್ನೂ ಹಿರಿಯರು ಓದಿ, ಇಲ್ಲಿ ತಪ್ಪಿದ್ದೀಯ ಎನ್ನುತ್ತಾರೆ. ಮೇಲೊಬ್ಬರ ಕಣ್ಣಿಲ್ಲದೆ ನೋಡಿದ ಕೇಸು ಅನುಭವವಲ್ಲ ಎಂದು ಈ ಅಂಕಣದಲ್ಲಿ ಹಿಂದೆಯೂ ಹೇಳಿದ್ದೇನೆ, ಮುಂದೆಯೂ ಹೇಳುತ್ತೇನೆ.

ನಿಮ್ಮ ಮೇಲೆ ನನಗೆ ಅಷ್ಟೇನೂ ಸಿಟ್ಟಿಲ್ಲ. ಸಿಟ್ಟಿರುವುದು ಮಾವನ ಮೇಲೆ. 1992ರ ಕಾಯ್ದೆಯಡಿ ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾ, ಅಂದರೆ ಆರ್‌ಸಿಐ, ನೋಂದಣಿ ಇಲ್ಲದವರು ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ, ಅಂದರೆ ಮಾನಸಿಕ ಕಾಯಿಲೆಯನ್ನು ಪರೀಕ್ಷಿಸಿ ಮಾತಿನ ಚಿಕಿತ್ಸೆ ಕೊಡುವವರಾಗಿ, ಕೆಲಸ ಮಾಡುವಂತಿಲ್ಲ. ಮಾಡಿದರೆ ಒಂದು ವರ್ಷದವರೆಗೆ ಜೈಲು, 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಬೋರ್ಡಿನಲ್ಲಿ ‘ಕ್ಲಿನಿಕಲ್’ ಎಂದು ಎಲ್ಲಿದೆ ಎಂದು ಮಾವ ಕೇಳಬಹುದು. ಮೆಡಿಕಲ್ ಶಾಪ್ ಪಕ್ಕದಲ್ಲಿ ಆ ಬೋರ್ಡು ಓದುವ ತಾಯಂದಿರಿಗೆ ಆ ವ್ಯತ್ಯಾಸ ಗೊತ್ತಿಲ್ಲ, ಮಾವನಿಗೆ ಗೊತ್ತು. ನಿದ್ದೆ ಬರಲ್ಲ ಎಂದು ನಿಮ್ಮೆದುರು ಅತ್ತವರು ಹೊರಗೆ ಬಂದು ಯಾವ ಕೌಂಟರಿನಲ್ಲಿ ಮಾತ್ರೆ ಕೇಳುತ್ತಾರೆ ಎಂಬುದೂ ಗೊತ್ತು.

ಅಪ್ಪನನ್ನು ಪತ್ರದ ತುಂಬ ಬೈದಿದ್ದೀರಿ. ಆದರೆ ಅವರು ಕೇಳಿದ್ದು ಎರಡೇ ಪ್ರಶ್ನೆ: ಎಷ್ಟು ವರ್ಷ, ಯಾರ ದುಡ್ಡು? ಮಾವ ಕೇಳಬೇಕಿದ್ದದ್ದೂ ಅದನ್ನೇ.

ಲೆಕ್ಕ ಹಾಕೋಣ. ದೂರಶಿಕ್ಷಣದ ಬಾಗಿಲು ಮುಚ್ಚಿದೆ. 2025ರ ಜುಲೈ-ಆಗಸ್ಟ್ ಸಾಲಿನಿಂದ ಸೈಕಾಲಜಿಗೆ ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಹೊಸ ಪ್ರವೇಶ ಕೊಡುವಂತಿಲ್ಲ ಎಂದು ಯುಜಿಸಿ ಹೇಳಿದೆ. ‘ಸೀಟು ಇದೆ, ಇವತ್ತೇ ಕಟ್ಟಿ’ ಎಂದು ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಿ.

ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಇದುವರೆಗಿನ ದಾರಿ ಹೀಗಿತ್ತು: ಸೈಕಾಲಜಿಯಲ್ಲಿ ಎಂ.ಎ. ಅಥವಾ ಎಂ.ಎಸ್ಸಿ., ಶೇ. 55 ಅಂಕ, ಪ್ರವೇಶ ಪರೀಕ್ಷೆ, ಆಮೇಲೆ ಆರ್‌ಸಿಐ ಒಪ್ಪಿದ ಸಂಸ್ಥೆಯಲ್ಲಿ ಎರಡು ವರ್ಷ ಪೂರ್ಣಾವಧಿ ಎಂ.ಫಿಲ್. ಯುಜಿಸಿ ಎಂ.ಫಿಲ್. ಪದವಿಯನ್ನೇ ಕೈಬಿಟ್ಟಿತು, ಈ ವಿಷಯಕ್ಕೂ ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್‌ಗೂ (ಮನೋವೈದ್ಯಕೀಯ ಸಮಾಜಕಾರ್ಯ) ಮಾತ್ರ 2025-26ರವರೆಗೆ ವಿನಾಯಿತಿ ಕೊಟ್ಟಿತ್ತು. ಆರ್‌ಸಿಐ ಈಗ ಎರಡು ವರ್ಷದ ಎಂ.ಎ. ಕ್ಲಿನಿಕಲ್ ಸೈಕಾಲಜಿಯಂಥ ಹೊಸ ಕೋರ್ಸುಗಳನ್ನು ತಂದಿದೆ. ಹಾಗಾಗಿ ಹಳೆಯ ವಿಡಿಯೊ ನೋಡಿ ನಿರ್ಧರಿಸಬೇಡಿ. ಆ ವರ್ಷದ ಪ್ರವೇಶ ಪ್ರಕಟಣೆ ಓದಿ, ಕಾಲೇಜಿನ ಹೆಸರು ಆರ್‌ಸಿಐ ವೆಬ್‌ಸೈಟಿನ ಪಟ್ಟಿಯಲ್ಲಿ, ಅದೇ ಕೋರ್ಸಿನ ಎದುರು, ಇದೆಯೇ ನೋಡಿ. ಬೇರೆ ಕೋರ್ಸಿಗೆ ಸಿಕ್ಕ ಮಾನ್ಯತೆಯನ್ನು ತೋರಿಸಿ ಫೀಸು ಕಟ್ಟಿಸಿಕೊಳ್ಳುವವರಿದ್ದಾರೆ.

ನಿಮಗಿರುವ ತೊಡಕು ಬಿ.ಕಾಂ. ರಾಜ್ಯದ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಡಿಗ್ರಿಯಲ್ಲಿ ಸೈಕಾಲಜಿ ಓದಿದವರನ್ನೇ ಎಂ.ಎಸ್ಸಿ.ಗೆ ತೆಗೆದುಕೊಳ್ಳುತ್ತವೆ. ಮತ್ತೆ ಬಿ.ಎ.ಯಿಂದ ಶುರುಮಾಡಿದರೆ ಮೂರು, ಎರಡು, ಎರಡು: ಏಳು ವರ್ಷ, ನಿಮಗೆ 31. ಖಾಸಗಿಯಾದರೆ ಖರ್ಚು ಲಕ್ಷಗಳಲ್ಲಿ.

ನಿಮಗೆ ಹೊಂದುವುದು ಎಂ.ಎಸ್.ಡಬ್ಲ್ಯೂ., ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಅನ್ನಿಸುತ್ತದೆ. ಬಹುತೇಕ ಕಡೆ ಯಾವ ಡಿಗ್ರಿಯಾದರೂ ನಡೆಯುತ್ತದೆ. ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯವನ್ನು ವಿಶೇಷ ವಿಷಯವಾಗಿ ತೆಗೆದುಕೊಳ್ಳಿ. ವಾರಕ್ಕೆ ಸುಮಾರು ಎರಡು ದಿನ ಫೀಲ್ಡ್‌ವರ್ಕ್ ಇರುತ್ತದೆ, ಅದಕ್ಕೆ ಚಕ್ಕರ್ ಹೊಡೆಯಬೇಡಿ. ಆಮೇಲೆ ನಿಮ್ಹಾನ್ಸ್ ಅಥವಾ ಧಾರವಾಡದ ಡಿಮ್ಹಾನ್ಸ್‌ನಂಥ ಕಡೆ ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್ ತರಬೇತಿಗೆ ಪ್ರಯತ್ನಿಸಿ; ಸೀಟು ಬೆರಳೆಣಿಕೆ. ಎಂ.ಫಿಲ್. ಬದಲು ಆಗ ಯಾವ ಕೋರ್ಸು ಇದೆ ಎಂದು ಇಲ್ಲೂ ಪ್ರಕಟಣೆ ನೋಡಿ. ಒಟ್ಟು ಸುಮಾರು ನಾಲ್ಕು ವರ್ಷ. ಬುದ್ಧಿಮತ್ತೆ ಪರೀಕ್ಷೆ ಮಾಡಿ ವರದಿಗೆ ಸಹಿ ಹಾಕುವ ಕೆಲಸ ನಿಮ್ಮದಾಗುವುದಿಲ್ಲ, ಅದು ಕ್ಲಿನಿಕಲ್ ಸೈಕಾಲಜಿಸ್ಟರದು. ಆದರೆ ರೋಗಿಯೊಡನೆ, ಮನೆಯವರೊಡನೆ ಕೂತು ಮಾತಾಡುವ ಕೆಲಸ, ಅಂದರೆ ನಿಮಗೆ ಬೇಕಾದ ಕೆಲಸವೇ, ಸಿಗುತ್ತದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲೂ ಹುದ್ದೆಗಳಿವೆ, ಹೆಚ್ಚಿನವು ಗುತ್ತಿಗೆಯವು ಎಂಬುದನ್ನು ಅಪ್ಪನಿಂದ ಮುಚ್ಚಿಡಬೇಡಿ.

ಓದಿನ ಅರ್ಜಿ ಕಾಯುತ್ತದೆ. ಈ ವಾರ ಮಾಡಬೇಕಾದ್ದು ಎರಡೇ. ಬೋರ್ಡು ಇಳಿಸಿ, ಆ ಹುಡುಗಿಯನ್ನು ಮನೋವೈದ್ಯರ ಕೈಗೆ ಒಪ್ಪಿಸಿ. ‘ಇನ್ನು ಬರಬೇಡ’ ಎಂದು ಕಳಿಸುವುದಲ್ಲ. ಮೊದಲು ಅವಳಿಗೇ ಹೇಳಿ, ಆಮೇಲೆ ಅವಳ ಎದುರಿಗೇ ತಾಯಿಗೆ ಹೇಳಿ, ಮೂವರೂ ಜೊತೆಗೆ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೆ ಹೋಗಿ. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ನೋಡುವ ಮನೋಚೈತನ್ಯ ಕ್ಲಿನಿಕ್ ಯಾವ ಮಂಗಳವಾರ ಎಂದೂ ವಿಚಾರಿಸಿ. ಅಲ್ಲಿಯವರೆಗೆ ಹೊಲದ ಔಷಧಿ ಡಬ್ಬಿಗೆ ಬೀಗ ಬೀಳಲಿ, ರಾತ್ರಿ ಅವಳ ಜೊತೆ ಯಾರಾದರೂ ಮಲಗಲಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಸಂಖ್ಯೆ 14416 ಅವಳ ಫೋನಿನಲ್ಲೂ ತಾಯಿಯ ಫೋನಿನಲ್ಲೂ ಇರಲಿ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ. ಡಾಕ್ಟರು ನೋಡಿದ ಮೇಲೂ ಅವಳು ಅಕ್ಕಾ ಎಂದು ನಿಮ್ಮನ್ನು ಹುಡುಕಿಕೊಂಡು ಬಂದರೆ ಮಾತಾಡಿ. ಆ ಕೋಣೆಯಲ್ಲಿ ಬೇಡ, ಫೀಸೂ ಬೇಡ.