ಏಳು ದಿನದ ಕಾರು, ಇಪ್ಪತ್ತು ದಿನದ ಬಾಗಿಲು

ದಾವಣಗೆರೆಯಿಂದ ಬಂದ ಪತ್ರ ಇದು. ಕೆಳಗೆ 'ಒಬ್ಬ ಟಿಂಕರ್' ಎಂದಷ್ಟೇ ಸಹಿ ಇದೆ. ಪತ್ರದ ಸಾರ ಹೀಗಿದೆ: "26 ವರ್ಷದಿಂದ ಟಿಂಕರಿಂಗ್ ಮಾಡುತ್ತಿದ್ದೇನೆ. ಪಿಯುಸಿ ಓದುವ ಮಗನಿಗೆ ಹಳೇ ಕಾರುಗಳ ರೂಪ, ವೇಗ ಬದಲಿಸುವ ಅಮೆರಿಕದ ಹಾಟ್ ರಾಡ್ ಗ್ಯಾರೇಜುಗಳ ಟಿವಿ ಶೋ ಹುಚ್ಚು. ಮೊನ್ನೆ ಕೇಳಿದ, 'ಅಪ್ಪಾ, ಅವರು ಇಡೀ ಕಾರನ್ನು 7 ದಿನದಲ್ಲಿ ಮಾಡ್ತಾರೆ. ನಿನಗೆ ಒಂದು ಬಾಗಿಲಿಗೆ 20 ದಿನ ಯಾಕೆ?' ನಾನು ಬಾಯಿ ಮುಚ್ಚಿಕೊಂಡು ಕೂತೆ. ಅದರಲ್ಲಿ ತೋರಿಸುವುದು ನಿಜವಾ, ಸುಳ್ಳಾ? ಅವನಿಗೆ ಏನು ಹೇಳಲಿ?"

ಸಂಪಾದಕರ ಉತ್ತರ

ನಮಸ್ಕಾರ. ಮಗನ ಮಾತಿಗೆ ಬೇಜಾರಾಗಬೇಡಿ, ಕೇಳಬೇಕಾದ್ದನ್ನೇ ಕೇಳಿದ್ದಾನೆ. ಆ ಶೋಗಳಲ್ಲಿ ಕೆಲಸ ನಿಜ. ದಿನದ ಲೆಕ್ಕವೂ ಹೆಚ್ಚುಕಡಿಮೆ ನಿಜವೇ. ಆಳಿನ ಲೆಕ್ಕ ಮಾತ್ರ ಯಾರೂ ಹೇಳುವುದಿಲ್ಲ.

ಅವನು ನೋಡಿದ್ದು 'ಓವರ್‌ಹಾಲಿನ್' ಇರಬೇಕು. ಅಮೆರಿಕದ ಟಿಎಲ್‌ಸಿ ಚಾನೆಲ್‌ನಲ್ಲಿ 2004ರಲ್ಲಿ ಶುರುವಾಯಿತು. ಮನೆಯವರೇ ಒಳಗೊಳಗೇ ಸೇರಿಕೊಂಡು ಮಾಲೀಕನ ಹಳೇ ಕಾರನ್ನು ಏನೋ ನೆಪ ಹೇಳಿ ಸಾಗಿಸುತ್ತಾರೆ. ಆ ಮನುಷ್ಯ ಕಾರು ಕಳೆದುಹೋಯಿತೆಂದು ಒದ್ದಾಡುತ್ತಿರುವಾಗ ಕಾರು ವಿನ್ಯಾಸಕ ಚಿಪ್ ಫೂಸ್ ಮತ್ತು ತಂಡ ಒಂದು ವಾರದಲ್ಲಿ ಅದನ್ನು ಹೊಸದು ಮಾಡಿ ಮುಂದೆ ತಂದು ನಿಲ್ಲಿಸುತ್ತದೆ. ಅಲ್ಲಿ ಹಗಲು ರಾತ್ರಿ ಪಾಳಿಯಲ್ಲಿ ಕೆಲಸ. ಎಂಜಿನ್ ಪೆಟ್ಟಿಗೆಯಲ್ಲಿ ರೆಡಿ ಬರುತ್ತದೆ. ಚಕ್ರ, ಬ್ರೇಕು, ಸೀಟು ಎಲ್ಲ ಪ್ರಾಯೋಜಕರು ಕಳಿಸಿಕೊಡುತ್ತಾರೆ. ಹಗಲು 15 ಜನ, ರಾತ್ರಿ 15 ಜನ ಎಂದು ಸುಮ್ನೆ ಲೆಕ್ಕ ಹಿಡಿಯಿರಿ. 7 ದಿನಕ್ಕೆ 210 ಆಳು. ನಿಮ್ಮ ಬಾಗಿಲಿಗೆ ನೀವೊಬ್ಬರೇ, 20 ಆಳು. ಅದರ ಮಧ್ಯೆ ಕರೆಂಟು ಹೋಗುತ್ತದೆ, ಅರ್ಜೆಂಟು ಅಂತ ಇನ್ನೆರಡು ಗಾಡಿ ಬಂದು ನಿಲ್ಲುತ್ತವೆ. ಒಂದು ಬಾಗಿಲಿಗೆ 20 ಜಾಸ್ತಿಯಾಯಿತು ಅಂತ ನನಗೂ ಅನ್ನಿಸಿತು, ಅದು ಬೇರೆ ಮಾತು!

ಈ 7 ದಿನದ ಚಾಳಿಗೆ ದಾರಿ ಹಾಕಿಕೊಟ್ಟದ್ದು 2002ರಲ್ಲಿ ಡಿಸ್ಕವರಿಯಲ್ಲಿ ಬಂದ 'ಮಾನ್‌ಸ್ಟರ್ ಗ್ಯಾರೇಜ್'. ಅಲ್ಲಿ ಒಂದು ದಿನ ಯೋಜನೆ, 5 ದಿನ ಕೆಲಸ, ಕೊನೆಯ ದಿನ ಓಡಿಸಿ ನೋಡುವುದು. ಬಿಡಿಭಾಗಕ್ಕೆ ಖರ್ಚು 3,000 ಡಾಲರ್ ದಾಟಬಾರದು. ಅದು ಆಟ, ಆಟಕ್ಕೆ ನಿಯಮ ಬೇಕು. ಆಮೇಲೆ ಬಂದ ಶೋಗಳು ಆ ನಿಯಮವನ್ನೇ ಗ್ಯಾರೇಜಿನ ಸಹಜ ವೇಗ ಅನ್ನುವ ಹಾಗೆ ತೋರಿಸಿದವು. ಗಡುವು ಇಲ್ಲದಿದ್ದರೆ ಕಿರುಚಾಟ ಇಲ್ಲ, ಕಿರುಚಾಟ ಇಲ್ಲದಿದ್ದರೆ ನೋಡುವವರಿಲ್ಲ. ನಮ್ಮ ಧಾರಾವಾಹಿಗಳಲ್ಲಿ ಅತ್ತೆ ಇದ್ದ ಹಾಗೆ ಅಲ್ಲಿ ಗಡುವು.

ಇನ್ನೊಂದು ವಿಷಯ ನಿಮ್ಮ ಮಗನಿಗೆ ಹೇಳಿ. ಫೂಸ್‌ಗೆ 7 ದಿನದ ಕೆಲಸಕ್ಕೆ ಕೀರ್ತಿ ಬಂದದ್ದು ಟಿವಿ ಮುಂದೆ. ಅದೇ ಕಸುಬಿನವರ ನಡುವೆ ಅವರ ಹೆಸರು ನಿಂತಿರುವುದು ಡೆಟ್ರಾಯ್ಟ್‌ನ ಆಟೊರಾಮಾ ಕಾರು ಪ್ರದರ್ಶನದಲ್ಲಿ. ಅಲ್ಲಿ ರಿಡ್ಲರ್ ಪ್ರಶಸ್ತಿ ಕೊಡುತ್ತಾರೆ. ಕಾರನ್ನು ಅದಕ್ಕೆ ಮುಂಚೆ ಎಲ್ಲೂ ಪ್ರದರ್ಶನಕ್ಕೆ ಇಟ್ಟಿರಬಾರದು. ಫೂಸ್ ಕಟ್ಟಿದ ಕಾರುಗಳು 2002, 2003, 2005 ಮತ್ತು 2015ರಲ್ಲಿ ಅದನ್ನು ಗೆದ್ದವು. ಆ ಮಟ್ಟದ ಕಾರು ಯಾವುದೂ ವಾರದಲ್ಲಿ ಆಗುವುದಿಲ್ಲ. ವರ್ಷಗಟ್ಟಲೆ ಹಿಡಿಯುತ್ತದೆ. ಕೈ ಅದೇ, ಮನುಷ್ಯ ಅದೇ. ಕ್ಯಾಮೆರಾ ಇದ್ದಾಗ ವಾರ, ಇಲ್ಲದಾಗ ವರ್ಷ.

ಆ ವರ್ಷಗಳೆಲ್ಲ ಎಲ್ಲಿಗೆ ಹೋಗುತ್ತವೆ? ನಿಮಗೆ ಗೊತ್ತು, ಆದರೂ ಬೇರೆ ಓದುಗರಿಗಾಗಿ ಬರೆಯುತ್ತೇನೆ. ಹಾಟ್ ರಾಡ್ ಅಂದರೆ ಮೂಲತಃ ಹಳೇ ಕಾರನ್ನು ಹಗುರ ಮಾಡಿ, ದೊಡ್ಡ ಎಂಜಿನ್ ಕೂರಿಸಿ, ಜೋರಾಗಿ ಓಡಿಸುವುದು. ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಒಣಗಿದ ಕೆರೆಯಂಗಳಗಳಲ್ಲಿ ಈ ರೇಸ್ ಶುರು ಮಾಡಿದರು. 1932ರ ಫೋರ್ಡ್ ಅಂದರೆ ಅವರಿಗೆ ಪ್ರಾಣ, ಯಾಕೆಂದರೆ ಕಡಿಮೆ ಬೆಲೆಗೆ ಎಂಟು ಸಿಲಿಂಡರಿನ ವಿ8 ಎಂಜಿನ್ ಸಿಕ್ಕಿದ್ದು ಅದರಲ್ಲಿ. ರೂಪ ಬದಲಿಸಲು ಅವರು ಮಾಡುವ ದೊಡ್ಡ ಕೆಲಸ 'ಚಾಪ್', ಅಂದರೆ ಛಾವಣಿ ತಗ್ಗಿಸುವುದು. ಟಿವಿಯಲ್ಲಿ ಕಟರ್‌ನ ಕಿಡಿ ಹಾರುತ್ತದೆ, ಸಂಗೀತ ಬರುತ್ತದೆ, ಛಾವಣಿ ಮೂರು ಇಂಚು ಕೆಳಗೆ ಕೂತಿರುತ್ತದೆ. ಆದರೆ ಛಾವಣಿ ಹೊತ್ತ ಕಂಬಗಳು ನೆಟ್ಟಗೆ ಇರುವುದಿಲ್ಲವಲ್ಲ, ಓರೆಯಾಗಿರುತ್ತವೆ. ಮೂರು ಇಂಚು ಕತ್ತರಿಸಿದರೆ ಮೇಲಿನ ತುದಿ, ಕೆಳಗಿನ ತುದಿ ಒಂದಕ್ಕೊಂದು ಸೇರುವುದೇ ಇಲ್ಲ. ಆಗ ಕಂಬ ಬಗ್ಗಿಸಬೇಕು, ಇಲ್ಲವೇ ಛಾವಣಿಯನ್ನೇ ಸೀಳಿ ನಡುವೆ ತಗಡು ಸೇರಿಸಬೇಕು. ಬೆಸುಗೆ ಬಿಸಿಗೆ ತಗಡು ಸೊಟ್ಟಗಾಗುತ್ತದೆ. ಸುತ್ತಿಗೆ, ಡಾಲಿ (ತಗಡಿನ ಹಿಂದೆ ಒತ್ತಿ ಹಿಡಿಯುವ ಕಬ್ಬಿಣದ ಗಟ್ಟಿ) ಹಿಡಿದು ಅದನ್ನು ಮತ್ತೆ ಸಮ ಮಾಡಬೇಕು. ಬಾಗಿಲ ಚೌಕಟ್ಟು ತಗ್ಗಬೇಕು, ಗಾಜು ಕತ್ತರಿಸಬೇಕು. ಹಳೇ ಕಾರಿನ ಚಪ್ಪಟೆ ಗಾಜಾದರೆ ಸರಿ, ಬಾಗಿದ ಗಾಜಾದರೆ ದೇವರೇ ಗತಿ.

ಆಮೇಲೆ ಪಟ್ಟಿ (ತಗ್ಗು ತುಂಬುವ ಪುಟ್ಟಿ) ಬಳಿಯುವುದು, ಉಜ್ಜುವುದು, ಪ್ರೈಮರ್, ಮತ್ತೆ ಉಜ್ಜುವುದು. ಇದು ಟಿವಿಯಲ್ಲಿ ಎಷ್ಟು ಹೊತ್ತು ಬರುತ್ತದೆ? ನಾಲ್ಕು ಸೆಕೆಂಡ್. ಎಮರಿ ಪೇಪರ್ ಹಿಡಿದವನ ಬೆನ್ನು ಮಾತ್ರ ಕಾಣುತ್ತದೆ.

ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಒಂದು ಪದ್ಮಿನಿ ಇತ್ತು. ಬಾಗಿಲ ಕೆಳಗೆ ತುಕ್ಕು. ಆಯುಧಪೂಜೆಗೆ ಬೇಕೇ ಬೇಕು ಎಂದು ಗ್ಯಾರೇಜಿನ ಮೇಸ್ತ್ರಿಯ ತಲೆ ತಿಂದೆ. "ಸಾರ್, ಪ್ರೈಮರ್ ಇನ್ನೊಂದು ವಾರ ಒಣಗಲಿ" ಅಂದರು. ನಾನು ಕೇಳಲಿಲ್ಲ. ಹಬ್ಬದ ದಿನ ಕಾರು ಕನ್ನಡಿ ಹಾಗೆ ಹೊಳೆಯಿತು. ಸಂಕ್ರಾಂತಿ ಹೊತ್ತಿಗೆ ಪಟ್ಟಿ ಹಾಕಿದ ಜಾಗದ ಅಂಚೆಲ್ಲ ಭೂಪಟದ ಗೆರೆಗಳಂತೆ ಎದ್ದು ಕಾಣತೊಡಗಿತು. ಪಟ್ಟಿ, ಪ್ರೈಮರ್ ಒಣಗುತ್ತಾ ಕುಗ್ಗುತ್ತವೆ. ಕುಗ್ಗುವ ಮೊದಲೇ ಬಣ್ಣ ಹೊಡೆದರೆ ಬಣ್ಣ ಅದರ ಜೊತೆಗೇ ಇಳಿಯುತ್ತದೆ. ಹಾರ್ಡ್‌ನರ್ ಬೆರೆಸಿ, ಬೂತಿನಲ್ಲಿ ಬಿಸಿ ಕೊಟ್ಟು ಬೇಗ ಒಣಗಿಸಬಹುದು ನಿಜ. ಟಿವಿಯವರು ಮಾಡುವುದೂ ಅದನ್ನೇ. ಆದರೆ ಗಡುವು ಮುಂದಿದ್ದಾಗ ಅದಕ್ಕೂ ಕೊಡಬೇಕಾದ ಹೊತ್ತನ್ನು ಯಾರು ಕೊಡುತ್ತಾರೆ? ನಮಗೆ ಆಯುಧಪೂಜೆ ಇದ್ದಂತೆ ಅವರಿಗೆ ನವೆಂಬರಿನಲ್ಲಿ ಲಾಸ್ ವೇಗಸ್‌ನಲ್ಲಿ ನಡೆಯುವ 'ಸೀಮಾ' ಎಂಬ ಕಾರು ಬಿಡಿಭಾಗಗಳ ದೊಡ್ಡ ಪ್ರದರ್ಶನ. ಅಲ್ಲಿಗೆ ಹೊರಟ ಕಾರುಗಳ ಹಿಂದಿನ ರಾತ್ರಿಯ ಗಡಿಬಿಡಿ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಶೋಗಳ ಬಗ್ಗೆ ನನಗಿರುವ ನಿಜವಾದ ಸಿಟ್ಟು ಇದಲ್ಲ. ಬೋರ್ಡಿನ ಮೇಲಿನ ಹೆಸರಿನದು.

'ಅಮೆರಿಕನ್ ಹಾಟ್ ರಾಡ್' ನೋಡಿದವರಿಗೆ ಬಾಯ್ಡ್ ಕಾಡಿಂಗ್ಟನ್ ನೆನಪಿರುತ್ತಾರೆ. ಹೂವಿನ ಅಂಗಿ, ಗುಡುಗಿನ ದನಿ. ದೊಡ್ಡ ಕೆಲಸಗಾರರೇ, ಅದರಲ್ಲಿ ಎರಡು ಮಾತಿಲ್ಲ. ಒಂದು ಕಾಲಕ್ಕೆ ಡಿಸ್ನಿಲ್ಯಾಂಡಿನಲ್ಲಿ ಮೆಷಿನಿಸ್ಟ್ ಆಗಿದ್ದು, ಕೆಲಸ ಮುಗಿದ ಮೇಲೆ ಮನೆಯಲ್ಲಿ ಕಾರು ಕಟ್ಟಿ ಮೇಲೆ ಬಂದವರು. ಇಡೀ ಅಲ್ಯೂಮಿನಿಯಂ ಗಟ್ಟಿಯಿಂದ ಕೊರೆದ ಚಕ್ರಗಳಿಗೆ ಹೆಸರಾದವರು. 1989ರಲ್ಲಿ ಅವರ ಶಾಪಿನಿಂದ ಜ಼ಡ್‌ಜ಼ಡ್ ಟಾಪ್ ರಾಕ್ ಸಂಗೀತ ತಂಡದ ಬಿಲ್ಲಿ ಗಿಬ್ಬನ್ಸ್‌ಗಾಗಿ 'ಕ್ಯಾಡ್‌ಜ಼ಿಲ್ಲಾ' ಹೊರಬಂತು, 1948ರ ಕ್ಯಾಡಿಲಾಕ್‌ನಿಂದ ಮಾಡಿದ್ದು. ಕೇಳಿದರೆ ಎಲ್ಲರೂ ಅದು ಬಾಯ್ಡ್ ಕಾರು ಅನ್ನುತ್ತಾರೆ. ವಿನ್ಯಾಸ ಲ್ಯಾರಿ ಎರಿಕ್ಸನ್ ಅವರದು, ತಗಡಿನ ಕೆಲಸ ಕ್ರೇಗ್ ನ್ಯಾಫ್ ಅವರದು. ಈ ಎರಡನೇ ಹೆಸರು ನಿಮ್ಮ ಮಗ ಕೇಳಿರಲಿಕ್ಕಿಲ್ಲ. ಕೇಳಬೇಕಾದ್ದು ಅದೇ, ಯಾಕೆಂದರೆ ಅವರು ನಿಮ್ಮ ಕಸುಬಿನವರು. 2008ರ ಫೆಬ್ರವರಿಯಲ್ಲಿ ಬಾಯ್ಡ್ ತೀರಿಕೊಂಡರು. ಆ ಶೋ ಕೂಡ ಆ ವರ್ಷಕ್ಕೇ ಮುಗಿಯಿತು.

ಡಲ್ಲಾಸ್‌ನ ಗ್ಯಾಸ್ ಮಂಕಿ ಗ್ಯಾರೇಜಿನ 'ಫಾಸ್ಟ್ ಎನ್ ಲೌಡ್' 2012ರಲ್ಲಿ ಬಂತು. ಅಲ್ಲೂ ಅದೇ ಕಥೆ. ರಿಚರ್ಡ್ ರಾಲಿಂಗ್ಸ್ ಕಾರು ಕೊಳ್ಳುವುದು, ಚೌಕಾಸಿ, ಮಾರಾಟ. ಗಡ್ಡದ ಆರನ್ ಕೌಫ್‌ಮನ್ ಕೈ ಕೆಲಸ. 2017ರಲ್ಲಿ ಕೌಫ್‌ಮನ್ ಹೊರಟುಹೋದರು. ನನ್ನ ಮಟ್ಟಿಗೆ ಶೋ ಅಲ್ಲಿಗೇ ಮುಗಿಯಿತು, ಟಿವಿಯಲ್ಲಿ ಇನ್ನೂ ಮೂರು ವರ್ಷ ನಡೆದರೂ. ಚೌಕಾಸಿ ನೋಡಲು ನಮಗೆ ಟಿವಿ ಬೇಕಾ? ಬೆಳಿಗ್ಗೆ ಸೊಪ್ಪಿನವಳ ಮುಂದೆ ನಿಂತರೆ ಸಾಕು.

ಮಗನಿಗೆ ನೋಡಬೇಡ ಅನ್ನಬೇಡಿ. ಲಾಸ್ ವೇಗಸ್‌ನ 'ಕೌಂಟಿಂಗ್ ಕಾರ್ಸ್', ಸಾಲ್ಟ್ ಲೇಕ್ ಸಿಟಿಯ 'ಬಿಚಿನ್ ರೈಡ್ಸ್' ಎರಡರಲ್ಲೂ ಜಗಳ ಕಡಿಮೆ. ಎರಡನೆಯದರಲ್ಲಿ ತಗಡಿನ ಕೆಲಸವನ್ನು ಸ್ವಲ್ಪ ತಾಳ್ಮೆಯಿಂದ ತೋರಿಸುತ್ತಾರೆ. ನೀವೂ ಜೊತೆಗೆ ಕೂತು ನೋಡಿ. ದೃಶ್ಯವನ್ನು ಎಲ್ಲಿ ಕತ್ತರಿಸಿದ್ದಾರೆ ಅಂತ ನಿಮಗಿಂತ ಚೆನ್ನಾಗಿ ಯಾರು ಹೇಳಬಲ್ಲರು?

ಒಂದು ಎಚ್ಚರಿಕೆ ಮಾತ್ರ. ನೋಡಿದ್ದನ್ನು ಇಲ್ಲಿ ಮಾಡಲು ಹೊರಟರೆ ಆರ್‌ಟಿಒ ಬಿಡುವುದಿಲ್ಲ. ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವ ಹಾಗಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಓದಿಸಿ. ಹಳೇ ಗಾಡಿಯನ್ನು ಇದ್ದ ಹಾಗೇ ಹೊಸದು ಮಾಡುವ ಕೆಲಸಕ್ಕೆ ಆ ತೊಡಕಿಲ್ಲ.

ಚಿಪ್ ಫೂಸ್ ಅಪ್ಪ ಸ್ಯಾಮ್ ಕೂಡ ಕಾರು ಕಟ್ಟುತ್ತಿದ್ದವರೇ. ಮಗ 7ನೇ ವಯಸ್ಸಿಗೇ ಅಪ್ಪನ ಶಾಪಿನಲ್ಲಿ ಕೈ ಕೊಳೆ ಮಾಡಿಕೊಂಡ. ಹನ್ನೆರಡಕ್ಕೆ ಒಂದು ಪೋರ್ಷೆಗೆ ಬಣ್ಣ ಹೊಡೆದ. ಆಮೇಲೆ ಡಿಸೈನ್ ಕಾಲೇಜಿಗೂ ಹೋಗಿ 1990ರಲ್ಲಿ ಪದವಿ ಪಡೆದ. ನಿಮ್ಮ ಮಗನ ಪರೀಕ್ಷೆ ಮುಗಿಯಲಿ. ಒಂದು ಭಾನುವಾರ ಆ ಬಾಗಿಲನ್ನೇ ಅವನ ಕೈಗೆ ಕೊಡಿ. ಪ್ರೈಮರ್ ಮೇಲೆ ತೆಳ್ಳಗೆ ಕಪ್ಪು ಬಣ್ಣ ಊದಿ, ಕಪ್ಪೆಲ್ಲ ಒಂದೇ ಸಮ ಹೋಗುವ ತನಕ ಮರದ ತುಂಡಿಗೆ ಎಮರಿ ಸುತ್ತಿ ಉಜ್ಜಲು ಹೇಳಿ. ತಗ್ಗಿನಲ್ಲಿ ಕಪ್ಪು ಉಳಿಯುತ್ತದೆ. ಅವನಾಗಿಯೇ ನಿಮ್ಮನ್ನು ಕರೆಯುತ್ತಾನೆ.

ಅಂದ ಹಾಗೆ, ಬಾಗಿಲು ಯಾವ ಗಾಡಿಯದು ಅಂತ ನೀವು ಬರೆದೇ ಇಲ್ಲ. ಮುಂದಿನ ಪತ್ರದಲ್ಲಿ ತಿಳಿಸಿ.