ಕುರ್ಚಿ ಬಿಡೋ ಮೊದಲು: ಲೈಬ್ರರಿ ಕಂಪ್ಯೂಟರ್ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ಸಲ ಇದೇ ಪುಟದಲ್ಲಿ ಸಾರ್ವಜನಿಕ ಲೈಬ್ರರಿಲಿರೋ ಕಂಪ್ಯೂಟರ್ ಯಾರ್ ಬೇಕಾದ್ರೂ ಬಳಸ್ಬೋದು ಅಂತ ಎರಡೇ ಸಾಲು ಬರ್ದಿದ್ದೆ, ಅದಕ್ಕೆ ಈ ಪಾಟಿ ಪತ್ರ ಬರ್ತಾವೆ ಅನ್ಕೊಂಡಿರ್ಲಿಲ್ಲ. ಅರ್ಧಕ್ಕರ್ಧ ಬೈಗುಳನೇ. ನನಗಲ್ಲ ಬಿಡಿ, ಲೈಬ್ರರಿ ರೂಲ್ಸಿಗೆ. ಕೌಂಟರ್ ಹಿಂದೆ ಕೂತು ಎಷ್ಟೋ ವರ್ಷ ಇದೇ ಬೈಗುಳ ಕೇಳಿದೋನಿಗೆ ಹೊಸದೇನಲ್ಲ, ಆದ್ರೆ ಅದ್ರಲ್ಲಿ ಕೆಲವು ನ್ಯಾಯವಾಗೇ ಅದಾವೆ, ಅವನ್ನೂ ಒಪ್ಕೋತೀನಿ.

ಪ್ರಶ್ನೆ: ಡಿಗ್ರಿ ಮುಗಿಸಿ ಕೆಲಸಕ್ಕೆ ಅರ್ಜಿ ಹಾಕ್ತಾ ಇದೀನಿ ಸರ್. ನಮ್ಮ ಲೈಬ್ರರೀಲಿ ಒಬ್ಬರಿಗೆ ಅರ್ಧ ಗಂಟೆ ಅಷ್ಟೇ. ಒಟಿಪಿ ಬರೋಕೇ ಹತ್ತು ನಿಮಿಷ, ಫೋಟೋ ಅಪ್‌ಲೋಡ್ ಆಗಲ್ಲ, ಇನ್ನೇನು ಸಬ್‌ಮಿಟ್ ಅನ್ನೋ ಹೊತ್ತಿಗೆ ‘ಟೈಮಾಯ್ತು ಏಳಪ್ಪ’ ಅಂದ್ರು. ನಾವು ಕಟ್ಟೋ ತೆರಿಗೇಲೇ ಅಲ್ವಾ ಲೈಬ್ರರಿ ನಡೆಯೋದು? (ಕೆಟಿಜೆ ನಗರ, ದಾವಣಗೆರೆ)

ಉತ್ತರ: ಸಬ್‌ಮಿಟ್ ಒತ್ತೋ ಹೊತ್ತಲ್ಲಿ ಎಬ್ಬಿಸಿದ್ದು ತಪ್ಪು ಕಣಪ್ಪ, ಐದು ನಿಮಿಷ ಬಿಟ್ಟಿದ್ರೆ ಯಾರ ಗಂಟೂ ಹೋಗ್ತಿರ್ಲಿಲ್ಲ. ತೆರಿಗೆ ಮಾತೂ ನಿಜನೇ, 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಪ್ರಕಾರ ಮನೆ ಕಂದಾಯದ ಜೊತೆ ಗ್ರಂಥಾಲಯ ಕರ ಅಂತ ವಸೂಲಿ ಮಾಡ್ತಾರೆ. ಆದ್ರೆ ನಿನ್ನ ಹಿಂದೆ ನಿಂತೋನೂ ಅದೇ ಕರ ಕಟ್ಟಿರ್ತಾನೆ, ಅವನದೂ ಇವತ್ತೇ ಲಾಸ್ಟ್ ಡೇಟು. ಲೆಕ್ಕ ಹಾಕು. ಮೂರು ಕಂಪ್ಯೂಟರ್ ಅದಾವೆ, ಒಂದು ಕೆಟ್ಟಿರುತ್ತೆ (ಯಾವಾಗ್ಲೂ ಒಂದು ಕೆಟ್ಟೇ ಇರುತ್ತೆ), ಉಳಿದಿದ್ದು ಎರಡು, ಅರ್ಧರ್ಧ ಗಂಟೆ ಅಂದ್ರೂ ಗಂಟೆಗೆ ನಾಲ್ಕು ಜನ. ಇಪ್ಪತ್ತು ಜನ ನಿಂತಿದ್ರೆ ಕೊನೆಯವನ ಕೈಗೆ ಕೀಬೋರ್ಡ್ ಸಿಗೋದು ನಾಲ್ಕೂವರೆ ಗಂಟೆ ಆದ್ಮೇಲೆ. ಅರ್ಧ ಗಂಟೆ ರೂಲ್ ಹುಟ್ಟಿದ್ದು ಹಿಂಗೆ, ಯಾರೋ ಕೊಬ್ಬಿಗೆ ಮಾಡಿದ್ದಲ್ಲ.

ಇನ್ನ ನಿನ್ನ ಅರ್ಧ ಗಂಟೆ ಹೋಗೋದೆಲ್ಲಿ ಅಂದ್ರೆ ಟೈಪ್ ಮಾಡೋದ್ರಲ್ಲಲ್ಲ, ಹುಡುಕೋದ್ರಲ್ಲಿ. ಎಸ್ಸೆಸ್ಸೆಲ್ಸಿ ರಿಜಿಸ್ಟರ್ ನಂಬರ್ ಮನೇಲಿ, ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರ್ ಅಪ್ಪನ ಫೋನಲ್ಲಿ, ಫೋಟೋ ಐದು ಎಂಬಿ, ಅವರು ಕೇಳೋದು ಐವತ್ತು ಕೆಬಿ. ಕುರ್ಚಿ ಮೇಲೆ ಕೂತು ಅಪ್ಪನಿಗೆ ಫೋನ್ ಮಾಡೋರನ್ನ ನಾನು ದಿನಾ ನೋಡಿದೀನಿ. ಒಂದು ಬಿಳಿ ಹಾಳೆ ಮೇಲೆ ಎಲ್ಲಾ ನಂಬರೂ ಬರ್ಕೊ, ಫೋಟೋ ಸಹಿ ಎರಡನ್ನೂ ಅವರು ಹೇಳಿದ ಅಳತೆಗೆ ಮೊದಲೇ ಇಳಿಸಿ ಪೆನ್‌ಡ್ರೈವಿಗೆ ಹಾಕ್ಕೊ, ಫೋನ್ ಚಾರ್ಜ್ ಮಾಡ್ಕೊಂಡು ಹೋಗು, ಒಟಿಪಿ ಬರೋದು ಅದಕ್ಕೇ ಅಲ್ವಾ. ಅರ್ಜಿ ನಂಬರ್ ತೆರೆ ಮೇಲೆ ಬಂದ ತಕ್ಷಣ ಬರ್ಕೊ, ಎಷ್ಟೋ ಅರ್ಜೀಲಿ ಅಲ್ಲೀವರೆಗೆ ತುಂಬಿದ್ದು ಸೇವ್ ಆಗಿರುತ್ತೆ, ನಾಳೆ ಬಂದು ಮುಂದುವರಿಸ್ಬೋದು. ಒಂದು ಗಂಟೆ ಬೇಕು ಅಂತಿದ್ರೆ ಕೂರೋಕ್ ಮುಂಚೆನೇ ಕೌಂಟರಲ್ಲಿ ಹೇಳು, ಎದ್ದೇಳು ಅಂದ್ಮೇಲೆ ಹೇಳಿದ್ರೆ ಜಗಳ ಆಗುತ್ತೆ. ಸುಮ್ನೆ ಕೂತಿದ್ರೆ ಕೆಲವು ವೆಬ್‌ಸೈಟು ತಾನೇ ಲಾಗೌಟ್ ಆಗುತ್ತೆ, ಅದಕ್ಕೆ ಮಾತ್ರ ಲೈಬ್ರರಿಯವರನ್ನ ಬೈಬೇಡ.

ಪೆನ್‌ಡ್ರೈವ್ ಅಂದೆ, ಕೆಲವು ಕಡೆ ಹಾಕೋಕೇ ಬಿಡಲ್ಲ. ಶಾರ್ಟ್‌ಕಟ್ ವೈರಸ್ ಕಾಟ ನೋಡಿದೋರಿಗೆ ಅವರ ಸಂಕಟ ಗೊತ್ತು, ಫೋಲ್ಡರೆಲ್ಲಾ ಮಾಯವಾಗಿ ಬರೀ ಶಾರ್ಟ್‌ಕಟ್ ಕಾಣ್ಸುತ್ತೆ, ಅಲ್ಲಿಂದ ನಿಮ್ಮನೆ ಕಂಪ್ಯೂಟರಿಗೂ ಬರುತ್ತೆ. ಹಂಗಂತ ಪೂರ್ತಿ ಬಂದ್ ಮಾಡೋದು ನನಗೆ ಒಪ್ಪಿಗೆ ಇಲ್ಲ, ಸ್ಕ್ಯಾನ್ ಮಾಡಿ ಬಿಡ್ಬೇಕು. ಬಿಡ್ಲಿಲ್ಲ ಅಂದ್ರೆ ಫೈಲನ್ನ ನಿಮ್ಮ ಮೇಲಿಗೇ ನೀವು ಕಳ್ಸ್ಕೊಂಡು ಹೋಗಿ.

ಪ್ರಶ್ನೆ: ನಮ್ಮೂರ ಕಡೆ ಒಂದು ಲೈಬ್ರರೀಲಿ ಕಂಪ್ಯೂಟರ್ ಬಳಸೋಕೆ ರಿಜಿಸ್ಟರಲ್ಲಿ ಹೆಸರು, ಊರು, ಫೋನ್ ನಂಬರ್ ಬರೀಬೇಕು. ಬರ್ದ ಎರಡನೇ ದಿನದಿಂದ ಯಾರೋ ‘ಹಾಯ್ ನೀವು ಲೈಬ್ರರಿಗೆ ಬರ್ತೀರಲ್ವಾ’ ಅಂತ ಮೆಸೇಜ್ ಮಾಡೋಕೆ ಶುರು ಮಾಡಿದಾರೆ. ನಂಬರ್ ಕೊಡಲ್ಲ ಅನ್ನೋಕೆ ಬರುತ್ತಾ? (ಹೆಸರು ಬೇಡ, ಜಗಳೂರು ತಾಲ್ಲೂಕು)

ಉತ್ತರ: ಈ ಪತ್ರ ಓದಿ ನನಗೇ ನಾಚಿಕೆ ಆಯ್ತು ತಂಗಿ. ಯಾಕಂದ್ರೆ ಅಂಥ ರಿಜಿಸ್ಟರ್ ನಾನೂ ಟೇಬಲ್ ಮೇಲೆ ತೆರೆದಿಟ್ಟು ಅದಕ್ಕೆ ದಾರ ಕಟ್ಟಿದ ಪೆನ್ನು ಬೇರೆ ಇಟ್ಟೋನೇ. ಪೆನ್ನಿಗೆ ದಾರ ಕಟ್ಟಿದ್ವಿ, ನಂಬರಿಗೆ ಕಾವಲಿರ್ಲಿಲ್ಲ.

ರಿಜಿಸ್ಟರ್ ಪದ್ಧತಿ ಸುಮ್ನೆ ಬಂದಿದ್ದಲ್ಲ. ಸೈಬರ್ ಕೆಫೆಗಳಿಗೆ ಅಂತ ಕೇಂದ್ರ ಸರ್ಕಾರ 2011ರಲ್ಲಿ ಐಟಿ ಕಾಯ್ದೆ (ಮಾಹಿತಿ ತಂತ್ರಜ್ಞಾನ ಕಾಯ್ದೆ) ಅಡಿ ನಿಯಮ ಮಾಡ್ತು. ಬಂದೋರ ಗುರುತಿನ ಚೀಟಿ ನೋಡ್ಬೇಕು, ಯಾರು ಯಾವ ಕಂಪ್ಯೂಟರಲ್ಲಿ ಎಷ್ಟೊತ್ತಿಂದ ಎಷ್ಟೊತ್ತಿನವರೆಗೆ ಕೂತಿದ್ರು ಅನ್ನೋ ದಾಖಲೆ ಕನಿಷ್ಠ 1 ವರ್ಷ ಇಟ್ಕೋಬೇಕು, ಕಂಪ್ಯೂಟರ್ ಮಧ್ಯೆ ಹಾಕೋ ಅಡ್ಡಗೋಡೆ ನಾಲ್ಕೂವರೆ ಅಡಿಗಿಂತ ಎತ್ತರ ಇರಬಾರ್ದು. ಅದು ದುಡ್ಡು ತಗೊಂಡು ಇಂಟರ್ನೆಟ್ ಕೊಡೋ ಅಂಗಡಿಗಳಿಗೆ ಬರ್ದಿದ್ದು, ಆದ್ರೆ ಲೈಬ್ರರಿಯವರೂ ಅದೇ ದಾರಿ ಹಿಡಿದ್ರೆ ತಪ್ಪೇನಿಲ್ಲ. ನಾಳೆ ಅದೇ ಕಂಪ್ಯೂಟರಿಂದ ಯಾರೋ ಬೆದರಿಕೆ ಮೇಲ್ ಕಳ್ಸಿದ್ರೆ ಪೊಲೀಸ್ನೋರು ಬಂದು ಮೊದಲು ಕೇಳೋದೇ ಆ ಪುಸ್ತಕನ.

ದಾಖಲೆ ಇಡೋದು ಬೇರೆ, ಊರಿಗೆಲ್ಲಾ ತೋರ್ಸೋದು ಬೇರೆ. ಹೋಗಿ ಕೇಳು, ‘ನನ್ನ ಸದಸ್ಯತ್ವದ ನಂಬರ್ ಬರೀತೀನಿ, ಫೋನ್ ನಂಬರ್ ಬೇಕಾದ್ರೆ ನಿಮ್ಮ ಹತ್ರ ಇರೋ ಅರ್ಜೀಲೇ ಐತಲ್ಲ’ ಅಂತ. ಕಾರ್ಡ್ ಮಾಡ್ಸಿದ್ದೀಯ ಅಂದ್ರೆ ಅಲ್ಲಿ ಕೊಟ್ಟೇ ಇರ್ತೀಯ. ಒಪ್ಲಿಲ್ಲ ಅಂದ್ರೆ ಜಿಲ್ಲಾ ಕೇಂದ್ರ ಗ್ರಂಥಾಲಯದ ಮುಖ್ಯಸ್ಥರಿಗೆ ಒಂದು ಹಾಳೆ ಬರ್ದು ಕೊಡು, ಬಾಯಲ್ಲಿ ಹೇಳಿದ್ದು ಬಾಯಲ್ಲೇ ಹೋಗುತ್ತೆ. ಮೆಸೇಜ್ ಮಾಡೋನಿಗೆ ಉತ್ತರ ಕೊಡ್ಬೇಡ, ಡಿಲೀಟೂ ಮಾಡ್ಬೇಡ, ಸ್ಕ್ರೀನ್‌ಶಾಟ್ ತೆಗ್ದಿಟ್ಟು ಬ್ಲಾಕ್ ಮಾಡು. ಬೇರೆ ನಂಬರಿಂದ ಮತ್ತೆ ಬಂದ್ರೆ ಸ್ಟೇಷನ್ನಿಗೆ ಹೋಗು, ಇಲ್ಲಾ ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲಲ್ಲಿ ದೂರು ಕೊಡು.

ಪ್ರಶ್ನೆ: ನಾನು ಕಾಟನ್ ಮಿಲ್ಲಿನಲ್ಲಿದ್ದು ಈಗ ಮನೇಲಿರೋನು. ಲೈಬ್ರರಿ ಹುಡುಗ ಒಬ್ಬ ಇ-ಆಧಾರ್ ಡೌನ್‌ಲೋಡ್ ಮಾಡಿ ಪ್ರಿಂಟ್ ತೆಗೆದುಕೊಟ್ಟ, ತಗೊಂಡು ಬಂದೆ. ಈಗ ಮಗ ‘ಫೈಲ್ ಅಲ್ಲೇ ಬಿಟ್ಟು ಬಂದ್ಯಾ’ ಅಂತ ಕೂಗಾಡ್ತಾನೆ. ಪಾಸ್‌ವರ್ಡ್ ಇರುತ್ತಂತಲ್ಲ, ಏನಾಗುತ್ತೆ? (ದಾವಣಗೆರೆ)

ಉತ್ತರ: ಮಗ ಕೂಗಾಡಿದ್ದು ಸರಿಯಲ್ಲ ಯಜಮಾನ್ರೇ, ಆದ್ರೆ ಹೇಳಿದ್ದು ಸರಿ. ಪಾಸ್‌ವರ್ಡ್ ಇರುತ್ತೆ, ಏನದು? ನಿಮ್ಮ ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗಿನ ಮೊದಲ 4 ದೊಡ್ಡಕ್ಷರ, ಆಮೇಲೆ ಹುಟ್ಟಿದ ವರ್ಷ. ನಿಮ್ಮ ಬೀದಿಯೋರಿಗೆಲ್ಲಾ ಗೊತ್ತಿರೋ ವಿಷ್ಯ ಅದು. ಇವತ್ತೇ ಹೋಗಿ ಡೌನ್‌ಲೋಡ್ಸ್ ಫೋಲ್ಡರ್ ತೆಗ್ಸಿ ಆ ಫೈಲ್ ಅಳಿಸಿ, ರೀಸೈಕಲ್ ಬಿನ್ನಿಂದನೂ ಅಳಿಸಿ. ಶಿಫ್ಟ್ ಹಿಡ್ಕೊಂಡು ಡಿಲೀಟ್ ಒತ್ತಿದ್ರೆ ಬಿನ್ನಿಗೆ ಹೋಗದೇ ನೇರ ಅಳಿಸುತ್ತೆ. ಇನ್ನೊಂದ್ಸಲ ಬೇಕಾದಾಗ ಮಾಸ್ಕ್ಡ್ ಆಧಾರ್ ತಗೊಳ್ಳಿ, ಅದ್ರಲ್ಲಿ ಕೊನೇ 4 ಅಂಕಿ ಮಾತ್ರ ಕಾಣ್ಸುತ್ತೆ.

ಹುಡುಗರು ‘ಇನ್‌ಕಾಗ್ನಿಟೋ ಹಾಕಿದ್ವಿ ಬಿಡಿ ಸರ್’ ಅಂತಾರೆ. ಅದು ಬ್ರೌಸರಿನ ಗುಟ್ಟಿನ ಕಿಟಕಿ, ಮುಚ್ಚಿದ್ಮೇಲೆ ನೀವು ನೋಡಿದ ಪುಟಗಳ ಪಟ್ಟಿ ಉಳಿಸಲ್ಲ ಅಷ್ಟೇ, ಇಳಿಸಿದ ಫೈಲು ಇದ್ದಲ್ಲೇ ಇರುತ್ತೆ. ಬ್ಯಾಂಕ್ ವ್ಯವಹಾರ ಅಂತೂ ಅಲ್ಲಿ ಬೇಡ್ವೇ ಬೇಡ, ನೀವು ಒತ್ತಿದ ಕೀಗಳನ್ನೆಲ್ಲಾ ಬರ್ಕೊಳ್ಳೋ ಸಾಫ್ಟ್‌ವೇರ್ ಯಾರಾದ್ರೂ ಹಾಕಿಟ್ಟಿದ್ರೆ ನೋಡೋಕೆ ಏನೂ ಗೊತ್ತಾಗಲ್ಲ.

ಮತ್ತೆ ಕೆಟ್ಟ ಪ್ರಿಂಟು! ಮೊದಲನೇದು ಮಸುಕಾಗಿ ಬಂತು ಅಂತ ಬುಟ್ಟಿಗೆ ಹಾಕಿ ಬರ್ತೀರಿ. ಒಂದು ಸಂಜೆ ಮಂಡಕ್ಕಿ ಕಟ್ಟಿಸ್ಕೊಂಡು ಮನೆಗೆ ಹೋಗಿ ಪೊಟ್ಟಣ ಬಿಚ್ಚಿದ್ರೆ ಯಾರದ್ದೋ ಆದಾಯ ಪ್ರಮಾಣಪತ್ರ, ಹೆಸರು, ವಿಳಾಸ, ವರ್ಷದ ಆದಾಯ ಎಲ್ಲಾ ಎಣ್ಣೆಲಿ ನೆಂದು ಫಳಫಳ ಅಂತಿತ್ತು. ಹರಿದು ತುಂಡು ಮಾಡಿ ಬನ್ನಿ.

ಪ್ರಶ್ನೆ: ಕ್ರಿಕೆಟ್ ಮ್ಯಾಚ್ ನೋಡ್ಬೋದಾ? (ವಿದ್ಯಾನಗರ)

ಉತ್ತರ: ಇಲ್ಲ. ಸ್ಕೋರ್ ನೋಡ್ಕೊಂಡು ಏಳಪ್ಪ. ಎಲ್ಲರಿಗೂ ಒಂದೇ ಲೈನು, ನೀನು ವಿಡಿಯೋ ಹಾಕಿದ್ರೆ ಪಕ್ಕದೋಳ ಅರ್ಜಿ ಗಿರಗಿರ ಸುತ್ತುತ್ತೆ. ಹಂಗೇ ಮಿರ್ಚಿ ತಿಂದ ಕೈಲಿ ಕೀಬೋರ್ಡ್ ಮುಟ್ಬೇಡ, ನಾನು ಈರುಳ್ಳಿ ಚೂರೂ ತೆಗ್ದಿದೀನಿ ಅದರೊಳಗಿಂದ.

ಪ್ರಶ್ನೆ: ಮನೇಲಿ ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಲ್ಲಿ ಟೈಪ್ ಮಾಡಿದ ಪ್ರಾಜೆಕ್ಟ್ ರಿಪೋರ್ಟು ಲೈಬ್ರರಿ ಕಂಪ್ಯೂಟರಲ್ಲಿ ಓಪನ್ ಮಾಡಿದ್ರೆ ಬರೀ ಕೊಂಬು ಚುಕ್ಕಿ ಇರೋ ಇಂಗ್ಲಿಷ್ ಅಕ್ಷರ. ಫಾಂಟ್ ಇನ್‌ಸ್ಟಾಲ್ ಮಾಡೋಕೆ ಹೋದ್ರೆ ಬೈದ್ರು. (ಹೊಳಲ್ಕೆರೆ)

ಉತ್ತರ: ಬೈದಿದ್ದು ಜಾಸ್ತಿ ಆಯ್ತು, ಬೇಡ ಅಂದಿದ್ದು ಸರಿ. ಇವತ್ತು ಫಾಂಟ್, ನಾಳೆ ಗೇಮ್, ನಾಡಿದ್ದು ಏನೋ ಅಂತ ಬಂದೋರೆಲ್ಲಾ ಹಾಕ್ತಾ ಹೋದ್ರೆ ಆ ಕಂಪ್ಯೂಟರ್ ತಿಂಗಳೂ ಬಾಳಲ್ಲ. ನುಡಿ ಹಳೇ ಫಾಂಟುಗಳಲ್ಲಿ ಕನ್ನಡ ಅಕ್ಷರದ ಚಿತ್ರನ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕೂರಿಸಿರ್ತಾರೆ, ಫಾಂಟ್ ಇಲ್ಲದ ಕಡೆ ಮುಖವಾಡ ಬಿದ್ದು ಒಳಗಿಂದು ಕಾಣುತ್ತೆ. ಮನೇಲೇ ಪಿಡಿಎಫ್ ಮಾಡ್ಕೊಂಡು ಹೋಗು, ಫಾಂಟೂ ಅದರೊಳಗೇ ಸೇರ್ಕೊಂಡು ಬರುತ್ತೆ. ಇನ್ನೂ ಒಳ್ಳೇದು ಅಂದ್ರೆ ಶುರುವಿಂದಾನೇ ಯೂನಿಕೋಡಲ್ಲಿ (ಎಲ್ಲಾ ಕಂಪ್ಯೂಟರಿಗೂ ಅರ್ಥವಾಗೋ ಅಕ್ಷರ ಪದ್ಧತಿ) ಟೈಪ್ ಮಾಡೋದು.

ಪ್ರಶ್ನೆ: ನಾನು ಕೂತಾಗ ನನಗಿಂತ ಮುಂಚೆ ಇದ್ದವರ ಜಿಮೇಲ್ ಹಂಗೇ ಓಪನ್ ಇತ್ತು. ಹೆಸರು ನೋಡಿದ್ರೆ ನಮ್ಮ ಕಾಲೇಜಿನ ಹುಡುಗೀನೇ. ಹೇಳ್ಬೇಕಾ, ಸುಮ್ನಿರ್ಬೇಕಾ? (ಚಿತ್ರದುರ್ಗ)

ಉತ್ತರ: ಲಾಗೌಟ್ ಒತ್ತು, ಕೌಂಟರಲ್ಲಿ ಒಂದು ಮಾತು ಹೇಳು, ಅಷ್ಟೇ. ಒಂದು ಮೇಲೂ ತೆಗೀಬೇಡ, ‘ಯಾರದು ಅಂತ ನೋಡೋಕೆ’ ಅಂತಾನೂ ಬೇಡ, ಹೆಸರು ಆಗ್ಲೇ ನೋಡಿದೀಯಲ್ಲ. ಬೇರೆಯವರ ಪಾಸ್‌ವರ್ಡ್ ಅಥವಾ ಗುರುತನ್ನ ಮೋಸಕ್ಕೆ ಬಳಸಿದ್ರೆ ಐಟಿ ಕಾಯ್ದೆ 66ಸಿ ಪ್ರಕಾರ 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಆ ಹುಡುಗಿಗೆ ನೀನೇ ಹೋಗಿ ಹೇಳೋದು ಬೇಡ, ಎಷ್ಟು ಒಳ್ಳೆ ಮನಸ್ಸಿಂದ ಹೇಳಿದ್ರೂ ‘ಏನೇನ್ ಓದಿದಾನೋ’ ಅಂತ ಅವಳಿಗೆ ನಿದ್ದೆ ಬರಲ್ಲ. ಕೌಂಟರಿನೋರು ಅವಳು ಮುಂದಿನ ಸಲ ಬಂದಾಗ ಹೇಳ್ತಾರೆ.

ಹಂಗೆ ಬಿಟ್ಟು ಬಂದೋರು ಇದನ್ನ ಓದ್ತಿದ್ರೆ ಗಾಬರಿ ಬೇಡ, ಲೈಬ್ರರಿಗೆ ಓಡೋದೂ ಬೇಡ. ಫೋನಲ್ಲೇ ಗೂಗಲ್ ಅಕೌಂಟಿನ ಸೆಕ್ಯುರಿಟಿಗೆ ಹೋದ್ರೆ ನೀವು ಎಲ್ಲೆಲ್ಲಿ ಲಾಗಿನ್ ಆಗಿದ್ದೀರಿ ಅನ್ನೋ ಪಟ್ಟಿ ಇರುತ್ತೆ, ಅಲ್ಲಿಂದ ಆ ಕಂಪ್ಯೂಟರನ್ನ ಸೈನೌಟ್ ಮಾಡಿ ಪಾಸ್‌ವರ್ಡ್ ಬದಲಾಯಿಸಿ. ವಾಟ್ಸಾಪ್ ವೆಬ್ ಆದ್ರೆ ಫೋನಲ್ಲಿ ಲಿಂಕ್ಡ್ ಡಿವೈಸಸ್ ತೆಗೆದು ಲಾಗೌಟ್ ಕೊಡಿ. ಪಟ್ಟೀಲಿ ನಿಮಗೆ ಗುರುತಿಲ್ಲದ ಇನ್ನೊಂದು ಕಂಪ್ಯೂಟರ್ ಕಂಡ್ರೆ ಅದನ್ನೂ ತೆಗೀರಿ. ಹೋದ ವರ್ಷ ರಿಸಲ್ಟ್ ನೋಡಿದ ಸೈಬರ್ ಸೆಂಟರ್ದು ಇನ್ನೂ ಅಲ್ಲೇ ಕೂತಿರ್ಬೋದು.