ಓದುಗರ ಅಂಗಳ: ರಾಬಿ ಕೀನ್ ಅಷ್ಟೊಂದು ಕ್ಲಬ್ ಬದಲಾಯಿಸಿದ್ದೇಕೆ?

ಐರ್ಲೆಂಡ್‌ನ ಫಾರ್ವರ್ಡ್ ರಾಬಿ ಕೀನ್ ಇಂಗ್ಲೆಂಡ್‌ನ ಕ್ಲಬ್‌ಗಳಲ್ಲಿ ಕಳೆದ ವರ್ಷಗಳ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲದ ಅಂಗಳ ಮೀಸಲು. ಪತ್ರಗಳಲ್ಲಿ ಕೆಲವರು ಇವರನ್ನು ಮ್ಯಾಂಚೆಸ್ಟರ್ ಯುನೈಟೆಡ್ ನಾಯಕರಾಗಿದ್ದ ರಾಯ್ ಕೀನ್ ಜೊತೆ ಬೆರೆಸಿದ್ದಾರೆ. ರಾಯ್ ಕಾರ್ಕ್ ನಗರದವರು, ಮಿಡ್‌ಫೀಲ್ಡರ್. ರಾಬಿ ಹುಟ್ಟಿದ್ದು 1980ರ ಜುಲೈ 8ರಂದು, ಬೆಳೆದದ್ದು ಡಬ್ಲಿನ್‌ನ ಟಾಲಾದಲ್ಲಿ. ಇಲ್ಲಿರುವುದೆಲ್ಲ ರಾಬಿ ಅವರ ವಿಷಯ.

ಪ್ರಶ್ನೆ: ಎಲ್ಲಿಯೂ ನೆಲೆ ನಿಲ್ಲದ, ದುಡ್ಡಿನ ಹಿಂದೆ ಓಡಿದ ಆಟಗಾರ ಎಂದು ಕೀನ್ ಅವರನ್ನು ಹಳಿಯುವವರಿದ್ದಾರೆ. ಅದರಲ್ಲಿ ಹುರುಳಿದೆಯೇ? (ಓದುಗರು, ಶಿವಮೊಗ್ಗ)

ಇಲ್ಲ. ಮೊದಲು ಲೆಕ್ಕ ನೋಡಿ. 1999ರ ಆಗಸ್ಟ್‌ನಲ್ಲಿ ವುಲ್ವ್ಸ್‌ನಿಂದ ಕವೆಂಟ್ರಿಗೆ 60 ಲಕ್ಷ ಪೌಂಡ್. 2000ದಲ್ಲಿ ಕವೆಂಟ್ರಿಯಿಂದ ಇಟಲಿಯ ಇಂಟರ್ ಮಿಲಾನ್‌ಗೆ 1.3 ಕೋಟಿ. 2001ರಲ್ಲಿ ಅಲ್ಲಿಂದ ಲೀಡ್ಸ್‌ಗೆ 1.2 ಕೋಟಿ. 2002ರಲ್ಲಿ ಟಾಟನ್‌ಹ್ಯಾಮ್‌ಗೆ 70 ಲಕ್ಷ. 2008ರಲ್ಲಿ ಲಿವರ್‌ಪೂಲ್‌ಗೆ 1.9 ಕೋಟಿ. 2009ರ ಫೆಬ್ರುವರಿಯಲ್ಲಿ ಮತ್ತೆ ಟಾಟನ್‌ಹ್ಯಾಮ್‌ಗೆ 1.2 ಕೋಟಿ. ಇವು ಆಗ ವರದಿಯಾದ ಆರಂಭಿಕ ಮೊತ್ತಗಳು. ಕೂಡಿದರೆ ಸುಮಾರು 6.9 ಕೋಟಿ ಪೌಂಡ್.

ಈ ಹಣ ಕ್ಲಬ್‌ನಿಂದ ಕ್ಲಬ್‌ಗೆ ಹೋಗುವಂಥದ್ದು, ಆಟಗಾರನ ಸಂಬಳವಲ್ಲ. ಪ್ರತಿ ಸಲ ಮಾರಿದವರಿಗೆ ಅವರದೇ ಕಾರಣವಿತ್ತು. ವುಲ್ವ್ಸ್ ಆಗ ಎರಡನೇ ಸ್ತರದ ಕ್ಲಬ್; ಹತ್ತೊಂಬತ್ತರ ಹುಡುಗನಿಗೆ ಬ್ರಿಟನ್‌ನಲ್ಲಿ ಅದುವರೆಗೆ ಯಾರೂ ಕೊಡದ ಬೆಲೆ ಬಂದಾಗ ಬೇಡವೆನ್ನುವ ಸ್ಥಿತಿಯಲ್ಲಿ ಅದು ಇರಲಿಲ್ಲ. ಕವೆಂಟ್ರಿಗೆ ಒಂದೇ ವರ್ಷದಲ್ಲಿ ಹಾಕಿದ ಹಣ ಎರಡರಷ್ಟಾಯಿತು. ಆದರೆ ಅವರನ್ನು ಮಾರಿದ ಮರು ಋತುವಿನಲ್ಲೇ, 34 ವರ್ಷ ಮೊದಲ ಸ್ತರದಲ್ಲಿದ್ದ ಆ ಕ್ಲಬ್ ಕೆಳಗಿಳಿಯಿತು. ಇಂಟರ್‌ನಲ್ಲಿ ಅವರನ್ನು ಕರೆಸಿಕೊಂಡ ಕೋಚ್ ಮಾರ್ಚೆಲ್ಲೊ ಲಿಪ್ಪಿ ಲೀಗ್‌ನ ಮೊದಲ ಪಂದ್ಯ ಸೋತ ಕೂಡಲೇ ಕೆಲಸ ಕಳೆದುಕೊಂಡರು. ಹೊಸ ಕೋಚ್ ಮಾರ್ಕೊ ಟಾರ್ಡೆಲ್ಲಿಗೆ ಕೀನ್ ಬೇಕಿರಲಿಲ್ಲ. ಇಪ್ಪತ್ತರ ಹುಡುಗ ಇದರಲ್ಲಿ ಯಾವುದನ್ನು ತಡೆಯಬಹುದಿತ್ತು? ತಮ್ಮ ಕೈಯಲ್ಲಿದ್ದಾಗ ಅವರು ಒಂದೇ ಕಡೆ, ಟಾಟನ್‌ಹ್ಯಾಮ್‌ನಲ್ಲಿ, ಸತತ ಆರು ಋತು ಆಡಿದರು. ಹಳಿಯುವವರು ಇದನ್ನು ಹೇಳುವುದಿಲ್ಲ.

ಪ್ರಶ್ನೆ: ಕೀನ್ ಹದಿಹರೆಯದಲ್ಲೇ ಡಬ್ಲಿನ್ ಬಿಟ್ಟು ವುಲ್ವ್ಸ್ ಸೇರಿದರಂತೆ. ಇಂದಿನ ಐರಿಷ್ ಹುಡುಗರಿಗೂ ಆ ದಾರಿ ಇದೆಯೇ? ಅವರನ್ನು ಬೆಳೆಸಿದ ಊರಿನ ಕ್ಲಬ್‌ಗೆ ಏನಾದರೂ ಸಿಗುತ್ತದೆಯೇ? (ಓದುಗರು, ಬೆಂಗಳೂರು)

ಡಬ್ಲಿನ್‌ನ ಕ್ರಮ್ಲಿನ್ ಯುನೈಟೆಡ್ ಎಂಬ ಬಾಲಕರ ಕ್ಲಬ್‌ನಿಂದ ಹೊರಟ ಕೀನ್, 1997ರ ಆಗಸ್ಟ್ 9ರಂದು ನಾರ್ವಿಚ್ ವಿರುದ್ಧ ವುಲ್ವ್ಸ್ ಪರ ಮೊದಲ ಪಂದ್ಯದಲ್ಲೇ ಎರಡು ಗೋಲು ಹೊಡೆದರು. ಆಗ ಅವರಿಗೆ 17 ವರ್ಷ, ಒಂದು ತಿಂಗಳು. ಇಂದು ಆ ವಯಸ್ಸಿನ ಐರಿಷ್ ಹುಡುಗನನ್ನು ಇಂಗ್ಲೆಂಡ್‌ನ ಕ್ಲಬ್ ನೋಂದಾಯಿಸಿಕೊಳ್ಳುವಂತಿಲ್ಲ.

ಫಿಫಾ ನಿಯಮದ 19ನೇ ವಿಧಿ 18 ತುಂಬದ ಆಟಗಾರನನ್ನು ದೇಶದಿಂದ ದೇಶಕ್ಕೆ ವರ್ಗಾಯಿಸುವುದನ್ನು ತಡೆಯುತ್ತದೆ. ಐರೋಪ್ಯ ಒಕ್ಕೂಟದ ಒಳಗೆ 16ರಿಂದ 18ರ ನಡುವಿನವರಿಗೆ ವಿನಾಯಿತಿ ಇದೆ. ಬ್ರಿಟನ್ ಹೊರಬಂದ ಮೇಲೆ, 2021ರ ಜನವರಿ 1ರಿಂದ, ಆ ವಿನಾಯಿತಿ ಇಂಗ್ಲೆಂಡ್‌ಗೆ ಅನ್ವಯಿಸುವುದಿಲ್ಲ. ಐರಿಷ್ ನಾಗರಿಕರು ಬ್ರಿಟನ್‌ನಲ್ಲಿ ಇರಲು, ದುಡಿಯಲು ಈಗಲೂ ಪರವಾನಗಿ ಬೇಕಿಲ್ಲ. ಹಾಗಾಗಿ 18 ತುಂಬಿದ ಮೇಲೆ ದಾರಿ ಸಲೀಸು. ತೊಡಕಿರುವುದು ಆ ಎರಡು ವರ್ಷಗಳಲ್ಲಿ. ಹುಡುಗರು ಈಗ ಐರ್ಲೆಂಡ್‌ನ ಸ್ವಂತ ಲೀಗ್‌ನಲ್ಲೇ ಬೆಳೆಯಬೇಕು, ಇಲ್ಲವೇ ಇಟಲಿ, ಜರ್ಮನಿಯಂಥ ಕಡೆ ಹೋಗಬೇಕು. ಐರ್ಲೆಂಡ್‌ನ ಕ್ಲಬ್‌ಗಳಿಗೆ ಇದರಿಂದ ಒಳಿತೇ ಆಗುತ್ತದೆ ಎಂಬುದು ನಮ್ಮ ಅನಿಸಿಕೆ. ಆದರೆ ಕೋಚ್‌ಗಳು, ಮೈದಾನಗಳು ಅದಕ್ಕೆ ತಕ್ಕಂತೆ ಬೆಳೆಯಬೇಕು.

ಇನ್ನು ಹಣ. ಫಿಫಾದ ಐಕಮತ್ಯ ನಿಧಿ ನಿಯಮ 2001ರಲ್ಲಿ ಬಂತು. ವರ್ಗಾವಣೆ ಮೊತ್ತದ ಶೇ 5ರಷ್ಟನ್ನು ಆಟಗಾರನನ್ನು 12ರಿಂದ 23ನೇ ವಯಸ್ಸಿನವರೆಗೆ ತರಬೇತು ಮಾಡಿದ ಕ್ಲಬ್‌ಗಳಿಗೆ ಹಂಚಬೇಕು: 12ರಿಂದ 15ರವರೆಗೆ ವರ್ಷಕ್ಕೆ ಶೇ 0.25, 16ರಿಂದ 23ರವರೆಗೆ ವರ್ಷಕ್ಕೆ ಶೇ 0.5. ಮೊದಲಿಗೆ ಇದು ದೇಶದಿಂದ ದೇಶಕ್ಕೆ ಆಗುವ ವರ್ಗಾವಣೆಗೆ ಮಾತ್ರ ಇತ್ತು. ಹಾಗಾಗಿ 2008ರಲ್ಲಿ ಟಾಟನ್‌ಹ್ಯಾಮ್ ಮತ್ತು ಲಿವರ್‌ಪೂಲ್ ನಡುವೆ 1.9 ಕೋಟಿ ಕೈ ಬದಲಾದಾಗ ಡಬ್ಲಿನ್‌ಗೆ ಈ ನಿಯಮದಡಿ ಏನೂ ಬರಲಿಲ್ಲ. 2020ರ ತಿದ್ದುಪಡಿಯಾದ ಮೇಲೆ, ಬೆಳೆಸಿದ ಕ್ಲಬ್ ಬೇರೆ ದೇಶದ್ದಾಗಿದ್ದರೆ ಇಂಥ ವರ್ಗಾವಣೆಗೂ ಪಾಲು ಕೊಡಬೇಕು. ಅದೇ 1.9 ಕೋಟಿಯ ವ್ಯವಹಾರ ಇಂದು ನಡೆದರೆ, ಹುಡುಗನನ್ನು 12ರಿಂದ 15ರವರೆಗೆ ನಾಲ್ಕು ವರ್ಷ ಆಡಿಸಿದ ಕ್ಲಬ್‌ಗೆ ವರ್ಷಕ್ಕೆ 47,500ರಂತೆ 1.9 ಲಕ್ಷ ಪೌಂಡ್ ಸಿಗುತ್ತದೆ. ಬಾಲಕರ ಕ್ಲಬ್‌ಗೆ ಅದು ಹಲವು ವರ್ಷದ ಖರ್ಚು. ಪಾಲು ಸಿಗಬೇಕಾದರೆ ಹುಡುಗನ ನೋಂದಣಿ ದಾಖಲೆ ವರ್ಷವಾರು ಸರಿಯಾಗಿರಬೇಕು. ಅದು ಇಲ್ಲದೆ ಹಕ್ಕು ಕಳೆದುಕೊಳ್ಳುವ ಕ್ಲಬ್‌ಗಳಿವೆ.

ಪ್ರಶ್ನೆ: 2000ದ ಡಿಸೆಂಬರ್‌ನಲ್ಲಿ ಲೀಡ್ಸ್‌ಗೆ ಹೋಗಿದ್ದು ಹೇಗೆ? ಟ್ರಾನ್ಸ್‌ಫರ್ ವಿಂಡೋ ತೆರೆಯುವುದು ಜನವರಿಯಲ್ಲಲ್ಲವೇ? (ಓದುಗರು, ಹುಬ್ಬಳ್ಳಿ)

ಗೊತ್ತುಪಡಿಸಿದ ಅವಧಿಯಲ್ಲಿ ಮಾತ್ರ ಆಟಗಾರರನ್ನು ಕೊಳ್ಳುವ ಈಗಿನ ವಿಂಡೋ ಪದ್ಧತಿ ಇಂಗ್ಲೆಂಡ್‌ನಲ್ಲಿ ಶುರುವಾಗಿದ್ದು 2002-03ರ ಋತುವಿನಲ್ಲಿ. ಅದಕ್ಕೂ ಮುಂಚೆ ಮಾರ್ಚ್ ಕೊನೆಯವರೆಗೆ ಯಾವಾಗ ಬೇಕಾದರೂ ಆಟಗಾರರನ್ನು ತರಬಹುದಿತ್ತು. ಮೈಕೆಲ್ ಬ್ರಿಜಸ್ ಗಾಯಗೊಂಡು ಲೀಡ್ಸ್‌ಗೆ ಫಾರ್ವರ್ಡ್ ಬೇಕಾಗಿತ್ತು. ಮ್ಯಾನೇಜರ್ ಡೇವಿಡ್ ಒ'ಲಿಯರಿ ಕೀನ್ ಅವರನ್ನು ಎರವಲು ತಂದರು. 18 ಲೀಗ್ ಪಂದ್ಯಗಳಲ್ಲಿ 9 ಗೋಲು. ಋತು ಮುಗಿದಾಗ 1.2 ಕೋಟಿಗೆ ಖರೀದಿ ಪಕ್ಕಾ ಆಯಿತು.

ಆಮೇಲೆ ಕೆಟ್ಟದ್ದು ಕ್ಲಬ್‌ನ ಹಣಕಾಸು. ಯುರೋಪಿನ ಅಗ್ರ ಕ್ಲಬ್‌ಗಳ ಸ್ಪರ್ಧೆಯಾದ ಚಾಂಪಿಯನ್ಸ್ ಲೀಗ್ ವರಮಾನ ಪ್ರತಿವರ್ಷ ಬರುತ್ತದೆಂದು ನಂಬಿ ಲೀಡ್ಸ್ ಮುಂದಿನ ಟಿಕೆಟ್ ಗಳಿಕೆಯ ಮೇಲೆ 6 ಕೋಟಿ ಪೌಂಡ್ ಸಾಲ ಎತ್ತಿತ್ತು. 2000-01ರಲ್ಲಿ ನಾಲ್ಕನೇ ಸ್ಥಾನ ಬಂತು, ಆದರೆ ಆಗ ಆ ಸ್ಪರ್ಧೆಯಲ್ಲಿ ಇಂಗ್ಲೆಂಡ್‌ಗೆ ಇದ್ದದ್ದು ಮೂರೇ ಜಾಗ. ಲಿವರ್‌ಪೂಲ್‌ಗಿಂತ ಒಂದೇ ಅಂಕ ಕಡಿಮೆ. ಮರುವರ್ಷ ಜಾಗ ನಾಲ್ಕಾಯಿತು, ಲೀಡ್ಸ್ ಐದನೆಯದಾಯಿತು. ನಡುವೆ, 2001ರ ನವೆಂಬರ್‌ನಲ್ಲಿ, ರಾಬಿ ಫೌಲರ್ ಅವರನ್ನೂ ಖರೀದಿಸಿದ್ದರಿಂದ ಕೀನ್ ಬೆಂಚಿಗೆ ಸರಿದು ಆ ಋತುವಿನಲ್ಲಿ ಲೀಗ್‌ನಲ್ಲಿ ಮೂರೇ ಗೋಲು ಹೊಡೆದರು. ಸಾಲ ಕೊಟ್ಟವರು ಬಾಗಿಲಿಗೆ ಬಂದಾಗ ರಿಯೋ ಫರ್ಡಿನಾಂಡ್ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹೋದರು. ಕೀನ್ ಅವರನ್ನು 2002ರ ಆಗಸ್ಟ್ 31ರಂದು, ಮೊದಲ ವಿಂಡೋ ಮುಚ್ಚುವ ದಿನವೇ, 70 ಲಕ್ಷಕ್ಕೆ ಟಾಟನ್‌ಹ್ಯಾಮ್‌ಗೆ ಕೊಟ್ಟರು. ಗಡುವು ಹತ್ತಿರವಾದಷ್ಟೂ ಹಣವಿಲ್ಲದ ಕ್ಲಬ್ ಬೆಲೆ ಇಳಿಸಲೇಬೇಕು. 2004ರಲ್ಲಿ ಲೀಡ್ಸ್ ಇಂಗ್ಲೆಂಡ್‌ನ ಮೊದಲ ಸ್ತರವಾದ ಪ್ರೀಮಿಯರ್ ಲೀಗ್‌ನಿಂದಲೇ ಹೊರಬಿತ್ತು.

ಪ್ರಶ್ನೆ: ಟಾಟನ್‌ಹ್ಯಾಮ್‌ನಲ್ಲಿ ಮಿಂಚಿದ ಆಟಗಾರ ಲಿವರ್‌ಪೂಲ್‌ನಲ್ಲಿ ಆರೇ ತಿಂಗಳಲ್ಲಿ ಸೋತದ್ದೇಕೆ? (ಓದುಗರು, ಮಂಗಳೂರು. ಇದೇ ಪ್ರಶ್ನೆ ಇನ್ನೂ ಕೆಲವರಿಂದ ಬಂದಿದೆ)

ಕೀನ್ ಎಂಥ ಫಾರ್ವರ್ಡ್ ಎಂಬುದರಿಂದ ಶುರು ಮಾಡಬೇಕು. ಎತ್ತರ 175 ಸೆಂ.ಮೀ.; ಡಿಫೆಂಡರ್ ಜೊತೆ ಮೈಗೆ ಮೈ ಕೊಟ್ಟು ಎತ್ತರದ ಚೆಂಡು ಗೆಲ್ಲುವವರಲ್ಲ. ಎದುರಾಳಿಯ ಡಿಫೆಂಡರ್‌ಗಳಿಗೂ ಮಿಡ್‌ಫೀಲ್ಡರ್‌ಗಳಿಗೂ ನಡುವಿನ ಹತ್ತು ಹದಿನೈದು ಗಜದ ಖಾಲಿ ಜಾಗಕ್ಕೆ ಇಳಿದು, ಅರ್ಧ ತಿರುಗಿ ನಿಂತು ಚೆಂಡು ಪಡೆದು, ಒಂದೆರಡು ಸ್ಪರ್ಶದಲ್ಲಿ ಅದನ್ನು ಬಿಟ್ಟು ಪೆನಾಲ್ಟಿ ಬಾಕ್ಸ್‌ಗೆ ತಡವಾಗಿ ನುಗ್ಗುವುದು ಅವರ ಆಟ. ಇದು ನಡೆಯಬೇಕಾದರೆ ಮುಂದೆ ಇನ್ನೊಬ್ಬ ಇರಬೇಕು, ಡಿಫೆಂಡರ್‌ಗಳನ್ನು ಹಿಂದಕ್ಕೆ ಹಿಡಿದಿಡುವವ.

ಟಾಟನ್‌ಹ್ಯಾಮ್‌ನಲ್ಲಿ ಆ ಜೊತೆಗಾರ ಯಾವಾಗಲೂ ಇದ್ದ. 2002ರಿಂದ 2008ರವರೆಗೆ ಅವರ ಲೀಗ್ ಗೋಲುಗಳು ಕ್ರಮವಾಗಿ 13, 14, 11, 16, 11, 15. ಮ್ಯಾನೇಜರ್‌ಗಳು ಬದಲಾದರೂ ಎರಡಂಕಿಗಿಂತ ಇಳಿಯಲಿಲ್ಲ. 2006ರಲ್ಲಿ 188 ಸೆಂ.ಮೀ. ಎತ್ತರದ ಬಲ್ಗೇರಿಯಾದ ದಿಮಿತಾರ್ ಬೆರ್ಬಟೊವ್ ಬಂದ ಮೇಲೆ ಜೋಡಿ ಪೂರ್ಣವಾಯಿತು: 2007-08ರಲ್ಲಿ ಎಲ್ಲ ಸ್ಪರ್ಧೆಗಳೂ ಸೇರಿ ಇಬ್ಬರೂ ತಲಾ 23 ಗೋಲು. ಅದೇ ಋತುವಿನ ಫೆಬ್ರುವರಿ 24ರಂದು ವೆಂಬ್ಲಿಯಲ್ಲಿ ಚೆಲ್ಸಿಯನ್ನು ಹೆಚ್ಚುವರಿ ಸಮಯದಲ್ಲಿ 2-1ರಿಂದ ಸೋಲಿಸಿ ಲೀಗ್ ಕಪ್ ಗೆದ್ದರು. ಇಂಗ್ಲೆಂಡ್‌ನಲ್ಲಿ ಕೀನ್‌ಗೆ ದಕ್ಕಿದ ದೊಡ್ಡ ಟ್ರೋಫಿ ಅದೊಂದೇ.

ಲಿವರ್‌ಪೂಲ್‌ನಲ್ಲಿ ರಫಾಯೆಲ್ ಬೆನಿಟೆಝ್ ಆಡಿಸುತ್ತಿದ್ದದ್ದು 4-2-3-1 ವಿನ್ಯಾಸದಲ್ಲಿ. ಮುಂದೆ ಒಬ್ಬನೇ, ಫರ್ನಾಂಡೊ ಟೊರೆಸ್. ಅವರ ಬೆನ್ನಿಗೆ, ಅಂದರೆ ಕೀನ್ ಆಡಬೇಕಿದ್ದ ಅದೇ ಜಾಗದಲ್ಲಿ, ನಾಯಕ ಸ್ಟೀವನ್ ಜೆರಾರ್ಡ್. ಉಳಿದದ್ದು ಎರಡು ದಾರಿ: ಟೊರೆಸ್ ಗಾಯಗೊಂಡಾಗ ಒಂಟಿ ಸ್ಟ್ರೈಕರ್ ಆಗುವುದು, ಇಲ್ಲವೇ ಎಡಬದಿಗೆ ಸರಿಯುವುದು. ಎರಡೂ ಅವರ ಕೆಲಸವಲ್ಲ. ಲೀಗ್‌ನ ಮೊದಲ ಗೋಲಿಗೆ ನವೆಂಬರ್ 8ರ ವೆಸ್ಟ್ ಬ್ರಾಮ್ ಪಂದ್ಯದವರೆಗೆ ಕಾಯಬೇಕಾಯಿತು. ಡಿಸೆಂಬರ್‌ನಲ್ಲಿ ಆರ್ಸೆನಲ್ ವಿರುದ್ಧ ಒಂದು, ಬೋಲ್ಟನ್ ವಿರುದ್ಧ ಎರಡು ಗೋಲು ಹೊಡೆದು ಹಿಡಿತಕ್ಕೆ ಬರುತ್ತಿದ್ದಾರೆ ಎನ್ನುವಾಗಲೇ ಮತ್ತೆ ಬೆಂಚು. 2009ರ ಫೆಬ್ರುವರಿ 2ಕ್ಕೆ ವಾಪಸು. ಒಟ್ಟು 28 ಪಂದ್ಯ, 7 ಗೋಲು.

ಸೋತದ್ದು ಖರೀದಿ, ಆಟಗಾರನಲ್ಲ. ತಂಡದಲ್ಲಿ ಯಾವ ಜಾಗ ಖಾಲಿ ಇದೆ ಎಂದು ನೋಡದೆ 1.9 ಕೋಟಿ ಕೊಟ್ಟರು. ನಷ್ಟವನ್ನು ಹೀಗೆ ಅಂದಾಜಿಸಬಹುದು: ಕ್ಲಬ್‌ಗಳು ಖರೀದಿ ಮೊತ್ತವನ್ನು ಕರಾರಿನ ವರ್ಷಗಳಿಗೆ ಹಂಚಿ ಲೆಕ್ಕಪುಸ್ತಕದಲ್ಲಿ ಬರೆಯುತ್ತವೆ. ನಾಲ್ಕು ವರ್ಷದ ಕರಾರು, ಅಂದರೆ ವರ್ಷಕ್ಕೆ 47.5 ಲಕ್ಷ. ಆರು ತಿಂಗಳಲ್ಲಿ ಸುಮಾರು 24 ಲಕ್ಷ ಕಳೆದರೆ ಪುಸ್ತಕದಲ್ಲಿ ಉಳಿದ ಬೆಲೆ 1.66 ಕೋಟಿ. ಮಾರಿದ್ದು 1.2 ಕೋಟಿಗೆ. ಷರತ್ತಿನ ಮೇಲೆ ಸೇರುವ ಮೊತ್ತಗಳನ್ನು ಬಿಟ್ಟರೂ ಸುಮಾರು 46 ಲಕ್ಷ ಪೌಂಡ್ ಕೊರತೆ, ಸಂಬಳ ಬೇರೆ. ಇದಕ್ಕಿಂತ ದುಬಾರಿಯಾದದ್ದು, ಅವರ ಬದಲಿಗೆ ಇನ್ನೊಬ್ಬ ಸ್ಟ್ರೈಕರ್‌ನನ್ನು ತರದೇ ಇದ್ದದ್ದು. ಟೊರೆಸ್ ಆ ಋತುವಿನಲ್ಲಿ 24 ಲೀಗ್ ಪಂದ್ಯಗಳನ್ನಷ್ಟೇ ಆಡಿದರು. ಲಿವರ್‌ಪೂಲ್ ಎರಡೇ ಪಂದ್ಯ ಸೋತು, 11 ಡ್ರಾ ಮಾಡಿಕೊಂಡು, ನಾಲ್ಕು ಅಂಕಗಳಿಂದ ಪ್ರಶಸ್ತಿ ಕಳೆದುಕೊಂಡಿತು.

ಅತ್ತ ಟಾಟನ್‌ಹ್ಯಾಮ್ ಕಥೆಯೂ ಅಷ್ಟೇ. ಒಂದೇ ಬೇಸಿಗೆಯಲ್ಲಿ ಕೀನ್, ಬೆರ್ಬಟೊವ್ ಇಬ್ಬರನ್ನೂ ಮಾರಿ, ಮೊದಲ ಎಂಟು ಪಂದ್ಯಗಳಲ್ಲಿ ಎರಡೇ ಅಂಕ ಗಳಿಸಿ, ಮ್ಯಾನೇಜರ್ ಹುವಾಂದೆ ರಾಮೋಸ್ ಅವರನ್ನು ಮನೆಗೆ ಕಳಿಸಿತ್ತು. ಹ್ಯಾರಿ ರೆಡ್‌ನ್ಯಾಪ್ ಬಂದು ಜರ್ಮೇನ್ ಡಿಫೋ ಮತ್ತು ಕೀನ್ ಇಬ್ಬರನ್ನೂ ಮರಳಿ ಕರೆಸಿದರು. ಮರಳಿದ ಕೀನ್ ಮಾತ್ರ ಹಳೆಯ ಕೀನ್ ಆಗಲಿಲ್ಲ: 2009-10ರ ಲೀಗ್‌ನಲ್ಲಿ 6 ಗೋಲು, ಅದರಲ್ಲಿ ನಾಲ್ಕು ಬರ್ನ್ಲಿ ವಿರುದ್ಧದ ಒಂದೇ ಪಂದ್ಯದಲ್ಲಿ ಬಂದವು.

ಪ್ರಶ್ನೆ: ಎರವಲು ಹೋದ ಆಟಗಾರ ತನ್ನ ಮೂಲ ಕ್ಲಬ್ ವಿರುದ್ಧ ಆಡಬಹುದೇ? (ಓದುಗರು, ಮೈಸೂರು)

ಪ್ರೀಮಿಯರ್ ಲೀಗ್‌ನಲ್ಲಿ ಆಡುವಂತಿಲ್ಲ. 2011ರ ಮಾರ್ಚ್‌ನಲ್ಲಿ ವೆಸ್ಟ್ ಹ್ಯಾಮ್ ತಂಡ ಟಾಟನ್‌ಹ್ಯಾಮ್ ಮೈದಾನದಲ್ಲಿ 0-0 ಡ್ರಾ ಮಾಡಿಕೊಂಡಾಗ, ಎರವಲಿಗೆ ಬಂದಿದ್ದ ಕೀನ್ ಹೊರಗಿರಲೇಬೇಕಿತ್ತು. ಗೋಲಿಗಾಗಿ ತಡಕಾಡುತ್ತಿದ್ದ ವೆಸ್ಟ್ ಹ್ಯಾಮ್‌ಗೆ ಅದು ಸಣ್ಣ ನಷ್ಟವಲ್ಲ. ಆ ಋತುವಿನಲ್ಲಿ ಅದು ಕೊನೆಯ ಸ್ಥಾನಕ್ಕಿಳಿದು ಲೀಗ್‌ನಿಂದ ಹೊರಬಿತ್ತು.

2012ರ ಜನವರಿಯಲ್ಲಿ ಆಸ್ಟನ್ ವಿಲ್ಲಾಗೆ ಬಂದದ್ದು ಬೇರೆ ಬಗೆಯ ಎರವಲು. ಆಗ ಅವರು ಅಮೆರಿಕದ ಲಾಸ್ ಏಂಜಲಿಸ್ ಗ್ಯಾಲಕ್ಸಿಯ ಆಟಗಾರ. ಅಲ್ಲಿನ ಲೀಗ್‌ಗೆ ಚಳಿಗಾಲದಲ್ಲಿ ಬಿಡುವು, ಆ ಬಿಡುವಿನಲ್ಲೇ ವಿಲ್ಲಾ ಪರ 6 ಲೀಗ್ ಪಂದ್ಯ, 3 ಗೋಲು. ಅದರಲ್ಲಿ ಎರಡು ಗೋಲು ತಮ್ಮ ಮೊದಲ ಕ್ಲಬ್ ವುಲ್ವ್ಸ್ ವಿರುದ್ಧ, ಅವರದೇ ಮೈದಾನದಲ್ಲಿ, 3-2ರ ಗೆಲುವಿನಲ್ಲಿ.

ಪ್ರಶ್ನೆ: ಕೀನ್ ಗೋಲುಗಳ ಸಂಖ್ಯೆ ಒಂದೊಂದು ಕಡೆ ಒಂದೊಂದು ಥರ ಇದೆ. ಸರಿ ಯಾವುದು? (ಓದುಗರು, ದಾವಣಗೆರೆ)

ಯಾವ ಸ್ಪರ್ಧೆಯ ಲೆಕ್ಕ ಎಂದು ಮೊದಲು ಕೇಳಿಕೊಳ್ಳಿ. ಪ್ರೀಮಿಯರ್ ಲೀಗ್‌ನಲ್ಲಿ 349 ಪಂದ್ಯ, 126 ಗೋಲು. ಕ್ಲಬ್‌ವಾರು: ಕವೆಂಟ್ರಿ 12, ಲೀಡ್ಸ್ 13, ಟಾಟನ್‌ಹ್ಯಾಮ್ 91 (ಮೊದಲ ಅವಧಿ 80, ಎರಡನೆಯದು 11), ಲಿವರ್‌ಪೂಲ್ 5, ವೆಸ್ಟ್ ಹ್ಯಾಮ್ 2, ವಿಲ್ಲಾ 3. ಕೂಡಿ ನೋಡಿ, ತಾಳೆಯಾಗುತ್ತದೆ. ವುಲ್ವ್ಸ್ ಪರ ಹೊಡೆದ 24 ಲೀಗ್ ಗೋಲು ಇದರಲ್ಲಿ ಇಲ್ಲ, ಅವು ಎರಡನೇ ಸ್ತರದವು. ಸೆಲ್ಟಿಕ್ ಪರ 2010ರಲ್ಲಿ 16 ಪಂದ್ಯಗಳಲ್ಲಿ ಹೊಡೆದ 12 ಗೋಲು ಸ್ಕಾಟ್ಲೆಂಡ್ ಲೀಗ್‌ನವು. ಐರ್ಲೆಂಡ್ ಪರ 146 ಪಂದ್ಯಗಳ 68 ಗೋಲು ಪೂರ್ತಿ ಬೇರೆ ಖಾತೆ. ಹೆಚ್ಚು ತಪ್ಪಾಗುವುದು ಟಾಟನ್‌ಹ್ಯಾಮ್ ಅಂಕಿಯಲ್ಲಿ: ಕಪ್ ಪಂದ್ಯಗಳನ್ನೂ ಸೇರಿಸಿದ 122ನ್ನು ಲೀಗ್ ಗೋಲು ಎಂದು ಬರೆದುಬಿಡುತ್ತಾರೆ.

ಪ್ರಶ್ನೆ: ಅವರು ಭಾರತದಲ್ಲಿ ಆಡಿದ್ದು ನಿಜವೇ? (ಓದುಗರು, ಬೆಳಗಾವಿ)

ನಿಜ. 2017-18ರ ಇಂಡಿಯನ್ ಸೂಪರ್ ಲೀಗ್‌ನಲ್ಲಿ ಕೋಲ್ಕತ್ತದ ಎಟಿಕೆ ಪರ. ಅವರನ್ನು ತರಿಸಿದ ತಂಡದ ಕೋಚ್ ಟೆಡ್ಡಿ ಶೆರಿಂಗ್‌ಹ್ಯಾಮ್, ಟಾಟನ್‌ಹ್ಯಾಮ್‌ನಲ್ಲಿ ಕೀನ್ ಜೊತೆ ಮುಂದಿನ ಸಾಲಿನಲ್ಲಿ ಆಡಿದವರು. ಜನವರಿಯಲ್ಲಿ ಶೆರಿಂಗ್‌ಹ್ಯಾಮ್ ಅವರನ್ನು ತೆಗೆದು ಹಂಗಾಮಿಯಾಗಿ ಹೊಣೆ ಕೊಟ್ಟದ್ದು ಆಶ್ಲಿ ವೆಸ್ಟ್‌ವುಡ್‌ಗೆ. ಬೆಂಗಳೂರು ಎಫ್‌ಸಿಯ ಮೊದಲ ಕೋಚ್ ಆಗಿ ಎರಡು ಸಲ ಐ-ಲೀಗ್ ಗೆದ್ದುಕೊಟ್ಟವರೇ ಅವರು. ಮಾರ್ಚ್‌ನಲ್ಲಿ ಕೀನ್ ಸ್ವತಃ ಆಟಗಾರ-ಮ್ಯಾನೇಜರ್ ಆದರು. ಎಟಿಕೆ ಹತ್ತು ತಂಡಗಳಲ್ಲಿ ಒಂಬತ್ತನೆಯದಾಗಿ ಮುಗಿಸಿತು.